ಬರಹದ ಯಂತ್ರದೊಳಗೊಂದು ಭಾಷೆ

ದೆಹಲಿಯ ಕನ್ನಡಿಗರು ಹೊರತಂದ ಸ್ಮರಣ ಸಂಚಿಕೆಯೊಂದರಲ್ಲಿ ‘ಕರ್ನಾಟಕ’ ಎಂಬ ಪದ ಒಂದು ಸಲವೂ ಬಂದಿಲ್ಲವೆಂದರೆ ಯಾರಾದರೂ ನಂಬುವರೇ? ಆದರೆ ಗಣಕಯಂತ್ರ ಹಾಗೆಂದೇ ಹೇಳಿತು. ಇಪ್ಪತ್ತು ವರ್ಷಗಳ ಹಿಂದೆ ಬೆರಳಚ್ಚಾದ ಕೆಲವು ಸಂಚಿಕೆಗಳ ಕಡತಗಳನ್ನು ಹಿರಿಯರೊಬ್ಬರು ಸಿ.ಡಿ.ಯಲ್ಲಿ ಜೋಪಾನವಾಗಿ ಇಟ್ಟುಕೊಂಡಿದ್ದರು. ತೀರಿಹೋದ ತಮ್ಮ ಸ್ನೇಹಿತರೊಬ್ಬರನ್ನು ಕುರಿತು ಅವುಗಳಲ್ಲಿ ಎಲ್ಲೋ ನಾಲ್ಕು ಸಾಲು ಬಂದಿದೆ, ಹುಡುಕಿಕೊಡಪ್ಪಾ ಎಂದು ಅವರು ನನ್ನನ್ನು ಕೇಳಿದರು. ಹೆಸರನ್ನು ಹುಡುಕಿದೆ, ಸಿಗಲಿಲ್ಲ. ಪರೀಕ್ಷಿಸೋಣವೆಂದು ‘ಕರ್ನಾಟಕ’ವನ್ನು ಹುಡುಕಿದೆ, ಅದೂ ಸಿಗಲಿಲ್ಲ.

ಕಾರಣ ಇಷ್ಟೇ. ಯೂನಿಕೋಡ್ ಸಂಕೇತ ಪದ್ಧತಿಯಲ್ಲಿ 1991ರ ಮೊದಲ ಆವೃತ್ತಿಯಿಂದಲೇ ಕನ್ನಡಕ್ಕೆ ಸ್ಥಾನವಿದ್ದರೂ, ಅಚ್ಚಿನ ಕೆಲಸದಲ್ಲಿ ಹಳೆಯ ಪದ್ಧತಿಯೇ ಬಹುಕಾಲ ಉಳಿಯಿತು. ಆ ಪದ್ಧತಿಯಲ್ಲಿ ಕಡತದೊಳಗೆ ಇರುವುದು ಕನ್ನಡವಲ್ಲ, ಲ್ಯಾಟಿನ್ ಅಕ್ಷರಗಳ ಸಂಕೇತಗಳು. ಅವುಗಳ ಮೇಲೆ ಫಾಂಟು ಕನ್ನಡದ ಆಕಾರಗಳನ್ನು ಹೊದಿಸುತ್ತಿತ್ತು. ಫಾಂಟನ್ನು ತೆಗೆದರೆ ಉಳಿಯುವುದು ಅರ್ಥವಿಲ್ಲದ ಅಕ್ಷರಗಳ ರಾಶಿ. ಮೂರು ನೂರು ಪುಟಗಳನ್ನು ಮತ್ತೆ ಬೆರಳಚ್ಚು ಮಾಡುವ ಶಕ್ತಿ ನನಗಿರಲಿಲ್ಲ. ಇದಕ್ಕೆ ನೆರವಾದದ್ದು ತನ್ನೊಳಗೇ ಒಂದು ಭಾಷೆಯನ್ನು ಇಟ್ಟುಕೊಂಡಿರುವ ಎಡಿಟರ್ ತಂತ್ರಾಂಶ. ಅದರ ಚರಿತ್ರೆ ನಮ್ಮಂಥ ಬರವಣಿಗೆಯ ನೌಕರರಿಗೆ ಬಹಳ ಹತ್ತಿರದ್ದಾದ್ದರಿಂದ ಓದುಗರ ಮುಂದಿಡುತ್ತಿದ್ದೇನೆ.

ಎಡಿಟರ್ ಎಂದರೆ ಪಠ್ಯವನ್ನು ಬರೆಯಲು, ತಿದ್ದಲು, ಹುಡುಕಲು ಇರುವ ಸಾಧನ. ಸಾಮಾನ್ಯವಾಗಿ ತಯಾರಿಸಿದವರು ಏನೇನು ಕೊಟ್ಟಿದ್ದಾರೋ ಅಷ್ಟನ್ನು ಮಾತ್ರ ನಾವು ಬಳಸುತ್ತೇವೆ. ಆದರೆ ಕೆಲವು ಎಡಿಟರುಗಳ ಒಳಗೆ ಒಂದು ಪುಟ್ಟ ಗಣಕ ಭಾಷೆಯನ್ನು ಅಡಕ ಮಾಡಿರುತ್ತಾರೆ. ಆ ಭಾಷೆಯಲ್ಲಿ ನಾಲ್ಕು ಸಾಲು ಬರೆದರೆ ಎಡಿಟರಿಗೆ ಹೊಸ ಕೆಲಸವೊಂದನ್ನು ಕಲಿಸಿದಂತಾಗುತ್ತದೆ. ಕಚೇರಿಯ ದೃಷ್ಟಾಂತ ಕೊಡುವುದಾದರೆ, ಮೂಲ ನಿಯಮಾವಳಿಯನ್ನು ತಿದ್ದಲು ಮಂತ್ರಾಲಯವೇ ಬೇಕು. ಟಪಾಲನ್ನು ಹೇಗೆ ಹಂಚಬೇಕು, ಕಡತಗಳನ್ನು ಯಾವ ಕ್ರಮದಲ್ಲಿ ಜೋಡಿಸಬೇಕು ಎಂಬುದನ್ನು ಸೆಕ್ಷನ್ನಿನವರೇ ತೀರ್ಮಾನಿಸಿಕೊಳ್ಳಬಹುದು. ಎಡಿಟರಿನ ತಿರುಳು ನಿಯಮಾವಳಿಯಂತೆ. ಒಳಗಿನ ಭಾಷೆ ಸೆಕ್ಷನ್ನಿಗೆ ಸಿಕ್ಕ ಅಧಿಕಾರದಂತೆ.

ಈ ವಿಚಾರದ ಬೇರು ಅಮೆರಿಕದ ಎಂ.ಐ.ಟಿ. ಸಂಸ್ಥೆಯಲ್ಲಿದೆ. 1962ರ ಸುಮಾರಿಗೆ ಡಾನ್ ಮರ್ಫಿ ಎಂಬವರು ಅಲ್ಲಿನ ಪಿ.ಡಿ.ಪಿ.-1 ಗಣಕಕ್ಕಾಗಿ ‘ಟೆಕೋ’ ಎಂಬ ಎಡಿಟರನ್ನು ರಚಿಸಿದರು. ಆಗ ಪಠ್ಯವನ್ನು ಕಾಗದದ ಪಟ್ಟಿಯಲ್ಲಿ ರಂಧ್ರ ಕೊರೆದು ಇಡುತ್ತಿದ್ದರು. ಪಟ್ಟಿಯನ್ನು ತಿದ್ದುವ ಆಜ್ಞೆಗಳೆಲ್ಲ ಒಂದೊಂದು ಅಕ್ಷರದವು. ಅವನ್ನು ಸಾಲಾಗಿ ಪೋಣಿಸಿದರೆ ಅದೇ ಒಂದು ಕ್ರಮವಿಧಿಯಾಗುತ್ತಿತ್ತು. ನೋಡಲು ಮಾತ್ರ ಅದು ಬೀಜಾಕ್ಷರ ಮಂತ್ರದಂತೆ ಇರುತ್ತಿತ್ತು. ತಮ್ಮ ಹೆಸರನ್ನೇ ಟೆಕೋಗೆ ಆಜ್ಞೆಯಾಗಿ ಕೊಟ್ಟರೆ ಏನು ಅನಾಹುತವಾಗಬಹುದೆಂದು ಊಹಿಸುವುದು ಆ ದಿನಗಳ ಒಂದು ವಿನೋದ.

ಹೀಗೆ ಪೋಣಿಸಿದ ಆಜ್ಞೆಗಳ ಗೊಂಚಲಿಗೆ ಮ್ಯಾಕ್ರೋ ಎಂದು ಹೆಸರು. 1970ರ ದಶಕದಲ್ಲಿ ಎಂ.ಐ.ಟಿ.ಯ ಕೃತಕ ಬುದ್ಧಿಮತ್ತೆ ಪ್ರಯೋಗಾಲಯದವರು ಒಬ್ಬೊಬ್ಬರೂ ತಮಗೆ ಬೇಕಾದ ಮ್ಯಾಕ್ರೋಗಳನ್ನು ಬರೆದುಕೊಂಡರು. ಒಬ್ಬರ ಗಣಕದ ಮುಂದೆ ಇನ್ನೊಬ್ಬರು ಕೂತರೆ ಏನೂ ತಿಳಿಯದ ಸ್ಥಿತಿ ಬಂತು. 1976ರಲ್ಲಿ ಗೈ ಸ್ಟೀಲ್ ಮತ್ತು ರಿಚರ್ಡ್ ಸ್ಟಾಲ್ಮನ್ ಇವನ್ನೆಲ್ಲ ಒಂದುಗೂಡಿಸುವ ಕೆಲಸಕ್ಕೆ ಕೈಹಾಕಿದರು. ಸ್ಟಾಲ್ಮನ್ ಮುಂದುವರಿಸಿ ಪೂರೈಸಿದ ಆ ಸಂಗ್ರಹವೇ ‘ಈಮ್ಯಾಕ್ಸ್’. ‘ಎಡಿಟಿಂಗ್ ಮ್ಯಾಕ್ರೋಸ್’ ಎಂಬುದರ ಸಂಕ್ಷೇಪವದು.

ನನ್ನ ಮನಸ್ಸನ್ನು ಹಿಡಿದ ಘಟನೆ ಇದರ ಮುಂದಿನದು. 1978ರಲ್ಲಿ ಬರ್ನಾರ್ಡ್ ಗ್ರೀನ್‌ಬರ್ಗ್ ಎಂಬವರು ಮಲ್ಟಿಕ್ಸ್ ಎಂಬ ಗಣಕ ವ್ಯವಸ್ಥೆಗಾಗಿ ಈಮ್ಯಾಕ್ಸನ್ನು ಹೊಸದಾಗಿ ಬರೆದರು. ಬೀಜಾಕ್ಷರಗಳ ಬದಲಿಗೆ ಲಿಸ್ಪ್ ಎಂಬ ಪೂರ್ಣ ಪ್ರಮಾಣದ ಭಾಷೆಯನ್ನೇ ಅದರಲ್ಲಿ ಬಳಸಿದರು. ಸ್ಟಾಲ್ಮನ್ 2002ರ ಉಪನ್ಯಾಸವೊಂದರಲ್ಲಿ ನೆನೆದಿರುವಂತೆ, ಗ್ರೀನ್‌ಬರ್ಗರ ಕಚೇರಿಯ ಕಾರ್ಯದರ್ಶಿನಿಯರು ಈ ಎಡಿಟರನ್ನು ಬಳಸತೊಡಗಿದರು. ಅದಕ್ಕೆ ಹೊಸ ಆಜ್ಞೆಗಳನ್ನು ಸೇರಿಸುವುದು ಹೇಗೆಂದು ತಿಳಿಸುವ ಕೈಪಿಡಿಯೊಂದು ಅವರ ಕೈಗೆ ಬಂತು. ಇದು ‘ಪ್ರೋಗ್ರಾಮಿಂಗ್’ ಎಂದು ಆ ಕೈಪಿಡಿಯಲ್ಲಿ ಎಲ್ಲಿಯೂ ಹೇಳಿರಲಿಲ್ಲ. ಪ್ರೋಗ್ರಾಮಿಂಗ್ ನಮ್ಮಿಂದಾಗದು ಎಂದು ನಂಬಿದ್ದ ಆ ಮಹಿಳೆಯರು ಹೆದರದೆ ಓದಿದರು, ತಮ್ಮ ಕೆಲಸಕ್ಕೆ ಬೇಕಾದ ಆಜ್ಞೆಗಳನ್ನು ಬರೆದುಕೊಂಡರು. ಪ್ರೋಗ್ರಾಮಿಂಗ್ ಕಲಿತೇಬಿಟ್ಟರು.

ಬೇರೆಯವರು ಹೇಳಿದ್ದನ್ನು ಬೆರಳಚ್ಚು ಮಾಡುವುದಷ್ಟೇ ಇವರ ಕೆಲಸ ಎಂದು ಲೋಕ ಯಾರ ಬಗ್ಗೆ ತಿಳಿದಿತ್ತೋ ಅವರೇ ಯಂತ್ರಕ್ಕೆ ಪಾಠ ಹೇಳಿದರು. ಕಚೇರಿಯಲ್ಲಿ ಇಪ್ಪತ್ತು ವರ್ಷ ಅದೇ ನಮೂನೆಗಳನ್ನು ತುಂಬಿಸುತ್ತಾ ಬಂದವನಿಗೆ ಈ ಸಂಗತಿ ಎಷ್ಟು ಧೈರ್ಯ ಕೊಡುತ್ತದೆಂಬುದನ್ನು ನಾನು ವಿವರಿಸಬೇಕಾಗಿಲ್ಲ. ಬಿ.ಎಸ್‌ಸಿ.ಯಲ್ಲಿ ಕಲಿತ ಗಣಿತವನ್ನು ನಾನು ಮರೆತಿದ್ದೆ. ಆದರೂ ಕೈಪಿಡಿ ತೆರೆದೆ.

1981ರಲ್ಲಿ ಜೇಮ್ಸ್ ಗಾಸ್ಲಿಂಗ್ ಯೂನಿಕ್ಸ್ ಗಣಕಗಳಿಗಾಗಿ ಸಿ ಭಾಷೆಯಲ್ಲಿ ಒಂದು ಈಮ್ಯಾಕ್ಸ್ ಬರೆದರು. ಅದು ಮೊದಲು ಕೈಯಿಂದ ಕೈಗೆ ಹರಡಿ, ಆಮೇಲೆ ಕಂಪೆನಿಯೊಂದರ ಮಾರಾಟದ ಸರಕಾಯಿತು. 1984ರಲ್ಲಿ ಸ್ಟಾಲ್ಮನ್ ಹೊಸದಾಗಿ ಆರಂಭಿಸಿ 1985ರಲ್ಲಿ ಹೊರತಂದ ಗ್ನೂ ಈಮ್ಯಾಕ್ಸನ್ನು ಯಾರು ಬೇಕಾದರೂ ಪಡೆಯಬಹುದು, ತಿದ್ದಬಹುದು, ಹಂಚಬಹುದು. ವೇಗ ಬೇಕಾದ ತಿರುಳು ಸಿ ಭಾಷೆಯಲ್ಲಿ, ಮಿಕ್ಕ ಬಹುಭಾಗ ಲಿಸ್ಪ್‌ನಲ್ಲಿ. ಈ ವ್ಯವಸ್ಥೆ ಇಂದಿಗೂ ಹಾಗೆಯೇ ಇದೆ.

ಕನ್ನಡಕ್ಕೆ ಬಾಗಿಲು ತೆರೆದದ್ದು ಜಪಾನೀಯರು. ಜಪಾನಿನ ತ್ಸುಕುಬಾದಲ್ಲಿದ್ದ ವಿದ್ಯುತ್ ತಾಂತ್ರಿಕ ಪ್ರಯೋಗಾಲಯದಲ್ಲಿ ಕೆನಿಚಿ ಹಂಡಾ ಮತ್ತು ಸಂಗಡಿಗರು ಈಮ್ಯಾಕ್ಸಿಗೆ ಅನೇಕ ಲಿಪಿಗಳನ್ನು ಕಲಿಸುವ ‘ಮ್ಯೂಲ್’ ಎಂಬ ವಿಸ್ತರಣೆಯನ್ನು ಬೆಳೆಸಿದರು. ಅದು 1997ರ 20ನೆಯ ಆವೃತ್ತಿಯಲ್ಲಿ ಮೂಲ ತಂತ್ರಾಂಶದೊಳಗೇ ಸೇರಿತು. ಹಿಂದೆಯೇ ಭಾರತೀಯ ಲಿಪಿಗಳು ಒಂದೊಂದಾಗಿ ಬಂದವು. ಇಂದು ಈಮ್ಯಾಕ್ಸಿನಲ್ಲಿ ಕನ್ನಡವನ್ನು ಇನ್‌ಸ್ಕ್ರಿಪ್ಟ್ ಕೀಲಿಮಣೆಯಿಂದಲೂ ಐಟ್ರಾನ್ಸ್ ಲಿಪ್ಯಂತರದಿಂದಲೂ ಬರೆಯಬಹುದು. ಯಾವ ಕೀಲಿ ಒತ್ತಿದರೆ ಯಾವ ಅಕ್ಷರ ಎಂಬ ಪಟ್ಟಿಗಳೆಲ್ಲ ಲಿಸ್ಪ್ ಭಾಷೆಯಲ್ಲೇ ಇವೆ. ಕುತೂಹಲವಿದ್ದವರು ತೆರೆದು ಓದಬಹುದು, ಬೇಕಾದರೆ ತಿದ್ದಿಕೊಳ್ಳಬಹುದು. ಅದರೊಂದಿಗೆ ಬರುವ ‘ಹಲೋ’ ಎಂಬ ಕಡತದಲ್ಲಿ ಲೋಕದ ಭಾಷೆಗಳ ವಂದನೆಗಳು ಸಾಲಾಗಿ ನಿಂತಿವೆ. ಅಲ್ಲಿ ‘ನಮಸ್ಕಾರ’ ಎಂದು ಕನ್ನಡದಲ್ಲಿ ಕಂಡಾಗ, ದೂರದ ಊರಿನ ರೈಲಿನಲ್ಲಿ ನಮ್ಮವರ ಮಾತು ಕಿವಿಗೆ ಬಿದ್ದಂತಾಯಿತು.

ಇನ್ನು ನನ್ನ ಕೆಲಸಕ್ಕೆ ಬರುತ್ತೇನೆ. ಒಂದು ಸಂಕೇತದ ಬದಲು ಇನ್ನೊಂದನ್ನು ಇಡುವ ಪಟ್ಟಿ ಮಾಡುವುದು ಸುಲಭ. ತೊಡಕಾದದ್ದು ಅರ್ಕಾವತ್ತು. ಹಳೆಯ ಕಡತದಲ್ಲಿ ‘ಕರ್ನಾಟಕ’ ಕಣ್ಣಿಗೆ ಕಾಣುವ ಕ್ರಮದಲ್ಲಿತ್ತು: ಕ, ನಾ, ಅರ್ಕಾವತ್ತು, ಟ, ಕ. ಯೂನಿಕೋಡಿನಲ್ಲಿ ಅದು ಉಚ್ಚಾರಣೆಯ ಕ್ರಮದಲ್ಲಿರಬೇಕು: ಕ, ರ್, ನಾ, ಟ, ಕ. ಅಂದರೆ ಅರ್ಕಾವತ್ತನ್ನು ಎತ್ತಿ ಹಿಂದಕ್ಕೆ ಸಾಗಿಸಬೇಕು. ಬರಿಯ ‘ಹುಡುಕು, ಬದಲಿಸು’ ಎಂಬ ಆಜ್ಞೆಗೆ ಇದು ನಿಲುಕದು. ‘ಅರ್ಕಾವತ್ತು ಸಿಕ್ಕಲ್ಲಿ ಒಂದು ಸಂಕೇತ ಹಿಂದಕ್ಕೆ ಒಯ್ಯಿ’ ಎಂದು ಲಿಸ್ಪ್‌ನಲ್ಲಿ ಬರೆದೆ. ‘ತಿ’ ಎಂಬುದು ಹಳೆಯ ಫಾಂಟಿನಲ್ಲಿ ಒಂದೇ ತುಂಡಾದ್ದರಿಂದ ಮೂರ್ತಿಗಳೆಲ್ಲ ಸರಿಹೋದರು. ಆದರೆ ‘ನಾ’ ಎರಡು ತುಂಡು. ‘ಯ’ ಅದಕ್ಕಿಂತ ಹೆಚ್ಚು ತುಂಡುಗಳ ಜೋಡಣೆ. ಕರ್ನಾಟಕ ಒಡೆಯಿತು, ಆಚಾರ್ಯರು ಕೆಟ್ಟರು. ಹಿರಿಯರು ಕೇಳಿದ್ದ ಸ್ನೇಹಿತರೂ ಆಚಾರ್ಯರೇ! ಅಷ್ಟೇ ಆಗಿದ್ದರೆ ಚಿಂತೆಯಿರಲಿಲ್ಲ. ಆತುರದಲ್ಲಿ ಎಲ್ಲ ಕಡತಗಳ ಮೇಲೂ ಒಟ್ಟಿಗೆ ಈ ಆಜ್ಞೆ ಓಡಿಸಿ ಅವುಗಳ ಮೇಲೆಯೇ ಉಳಿಸಿಬಿಟ್ಟಿದ್ದೆ. ಸಿ.ಡಿ.ಯನ್ನು ಹಿಂದಿರುಗಿಸಿಯೂ ಆಗಿತ್ತು. ಅಳುಕುತ್ತಾ ಅವರ ಮನೆಗೆ ಹೋಗಿ ಮತ್ತೆ ಕೇಳಿದೆ. ಅವರು ನಕ್ಕು, ಸಿ.ಡಿ. ಕೊಟ್ಟು, ಕಾಫಿಯನ್ನೂ ಕೊಟ್ಟರು.

ಎರಡನೆಯ ಸಲ ನಿಯಮವನ್ನು ಸರಿಯಾಗಿ ಬರೆದೆ. ಮೊದಲು ತುಂಡುಗಳನ್ನು ಕೂಡಿಸಿ ಅಕ್ಷರ ಮಾಡು. ಆಮೇಲೆ ಅರ್ಕಾವತ್ತನ್ನು ಎತ್ತಿಕೊಂಡು ಸ್ವರಚಿಹ್ನೆ, ಒತ್ತಕ್ಷರಗಳನ್ನೆಲ್ಲ ದಾಟಿ ಮೂಲ ವ್ಯಂಜನದ ಹಿಂದೆ ಇಡು. ಶಾಲೆಯಲ್ಲಿ ಕಾಗುಣಿತ ತಿದ್ದಿಸಿದ ಮೇಷ್ಟ್ರು ಹೇಳಿದ್ದೂ ಇದನ್ನೇ. ‘ಕರ್ನಾಟಕ’ ನೂರಾರು ಕಡೆ ಎದ್ದು ಬಂತು. ಆಚಾರ್ಯರ ಮೇಲಿನ ನಾಲ್ಕು ಸಾಲುಗಳೂ ಸಿಕ್ಕವು. ಹಿರಿಯರು ಅದನ್ನು ಎರಡು ಸಲ ಓದಿ ಕನ್ನಡಕ ತೆಗೆದು ಒರೆಸಿಕೊಂಡರು.

ಹೀಗೆ ಬಳಸುವವನ ಕೈಗೆ ಕೊಟ್ಟ ಅಧಿಕಾರಕ್ಕೆ ಅಪಾಯದ ಮುಖವೂ ಇದೆ. ಮೈಕ್ರೋಸಾಫ್ಟ್ ವರ್ಡ್‌ನಲ್ಲಿಯೂ ಇಂಥ ಭಾಷೆ ಅಡಕವಾಗಿದೆ. ಅದನ್ನೇ ಬಳಸಿಕೊಂಡು 1995ರಲ್ಲಿ ‘ಕಾನ್ಸೆಪ್ಟ್’, 1999ರಲ್ಲಿ ‘ಮೆಲಿಸ್ಸಾ’ ಎಂಬ ವೈರಸ್ಸುಗಳು ಹರಡಿದವು. ಮೆಲಿಸ್ಸಾ ತಾನು ಹೊಕ್ಕ ಗಣಕದ ವಿಳಾಸಪಟ್ಟಿಯಿಂದ ಮೊದಲ ಐವತ್ತು ಜನರಿಗೆ ತನ್ನನ್ನೇ ಅಂಚೆ ಮಾಡಿಕೊಳ್ಳುತ್ತಿತ್ತು. ಅಂತರಜಾಲದಿಂದ ಬಂದ ಕಡತಗಳ ಮ್ಯಾಕ್ರೋಗಳನ್ನು ತಾನಾಗಿಯೇ ತಡೆಯುವ ವ್ಯವಸ್ಥೆ ವರ್ಡ್‌ಗೆ ಬಂದದ್ದು 2022ರಲ್ಲಿ. ಅಪರಿಚಿತರು ಕೊಟ್ಟ ಮ್ಯಾಕ್ರೋ, ಅಪರಿಚಿತರು ಕೊಟ್ಟ ಪ್ರಸಾದದಂತೆ. ತಿನ್ನುವ ಮುನ್ನ ಯೋಚಿಸಬೇಕು.

ಈ ದಾರಿಯಲ್ಲಿ ಲಿಸ್ಪ್ ಒಂದೇ ಅಲ್ಲ. ಹಾಲೆಂಡಿನ ಬ್ರಾಮ್ ಮೂಲೆನಾರ್ 1991ರಲ್ಲಿ ಬಿಡುಗಡೆ ಮಾಡಿದ ‘ವಿಮ್’ ಎಡಿಟರಿಗೆ ತನ್ನದೇ ಭಾಷೆಯಿದೆ. 2023ರಲ್ಲಿ ತೀರಿಕೊಂಡ ಈ ಸಜ್ಜನರು ತಮ್ಮ ತಂತ್ರಾಂಶಕ್ಕೆ ಬೆಲೆ ಕೇಳಲಿಲ್ಲ. ಮೆಚ್ಚಿದವರು ಉಗಾಂಡಾದ ಮಕ್ಕಳಿಗೆ ನೆರವಾಗಿ ಎಂದು ಕೇಳಿಕೊಂಡರು. 2014ರಲ್ಲಿ ವಿಮ್‌ನಿಂದ ಕವಲೊಡೆದ ‘ನಿಯೋವಿಮ್’ ಬಳಸುವುದು ಲುವಾ ಎಂಬ ಭಾಷೆಯನ್ನು. ಲುವಾ ಹುಟ್ಟಿದ್ದು 1993ರಲ್ಲಿ, ಬ್ರೆಜಿಲಿನ ರಿಯೊ ನಗರದ ವಿಶ್ವವಿದ್ಯಾಲಯದಲ್ಲಿ. ಪೋರ್ಚುಗೀಸಿನಲ್ಲಿ ಲುವಾ ಎಂದರೆ ಚಂದ್ರ. ಹೊರಗಿನಿಂದ ತಂತ್ರಾಂಶ ತರಿಸುವುದು ಕಷ್ಟವಾಗಿದ್ದ ದೇಶದಲ್ಲಿ, ತಮ್ಮ ಕೆಲಸಕ್ಕೆಂದು ತಾವೇ ಮಾಡಿಕೊಂಡ ಭಾಷೆ ಈಗ ಜಗತ್ತಿನ ಎಲ್ಲೆಡೆ ಬಳಕೆಯಲ್ಲಿದೆ.

ಕೊನೆಗೆ ಒಂದು ಮಾತು. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯ ಅಶೋಕ ಶಾಸನವನ್ನು ಬಿ.ಎಲ್. ರೈಸ್ 1892ರಲ್ಲಿ ಕಂಡುಹಿಡಿದರು. ಅದೇ ಬಗೆಯ ಕಿರು ಶಾಸನ 1966ರಲ್ಲಿ ನಮ್ಮ ದೆಹಲಿಯ ಕಾಲ್ಕಾಜಿಯ ಸಮೀಪದ ಬಹಾಪುರದ ಬಂಡೆಯ ಮೇಲೂ ಸಿಕ್ಕಿತು. ಬ್ರಹ್ಮಗಿರಿಯ ಶಾಸನವನ್ನು ಬರೆದವನು ಚಪಡನೆಂಬ ಲಿಪಿಕಾರ. ಇಡೀ ಶಾಸನ ಬ್ರಾಹ್ಮಿಯಲ್ಲಿದೆ; ಆದರೆ ಕೊನೆಯಲ್ಲಿ ‘ಲಿಪಿಕಾರ’ನೆಂಬ ತನ್ನ ವೃತ್ತಿಯ ಪದವೊಂದನ್ನು ಅವನು ವಾಯವ್ಯ ಗಡಿಯ ಖರೋಷ್ಠಿ ಲಿಪಿಯಲ್ಲಿ ಬಲದಿಂದ ಎಡಕ್ಕೆ ಬರೆದ. ಅಪ್ಪಣೆ ಚಕ್ರವರ್ತಿಯದು, ಒಕ್ಕಣೆ ಮೇಲಿನವರದು. ಆ ಒಂದು ಪದದ ಲಿಪಿ ಮಾತ್ರ ಗುಮಾಸ್ತನ ಸ್ವಂತದ್ದು.

2023ರಲ್ಲಿ ಬಂದ ಈಮ್ಯಾಕ್ಸಿನ 29ನೆಯ ಆವೃತ್ತಿಯಲ್ಲಿ ಬ್ರಾಹ್ಮಿಯನ್ನೂ ಖರೋಷ್ಠಿಯನ್ನೂ ಬರೆಯುವ ಸೌಕರ್ಯ ಸೇರಿದೆ. ಅದೂ ಆ ಒಳಗಿನ ಭಾಷೆಯಲ್ಲೇ ಬರೆದ ಪಟ್ಟಿಗಳಿಂದ. ನಮ್ಮ ಸಂಘದ ಸದಸ್ಯರ ಮನೆಗಳಲ್ಲಿ ಹಳೆಯ ಸಂಚಿಕೆಗಳ ಕಡತಗಳು ಇನ್ನೂ ಇದ್ದರೆ ದಯವಿಟ್ಟು ತಂದುಕೊಡಿ. ಈ ಸಲ ಮೊದಲು ಪ್ರತಿ ತೆಗೆದಿಟ್ಟುಕೊಂಡೇ ಕೆಲಸ ಆರಂಭಿಸುತ್ತೇನೆ.