ಬನ್ನಿಮಂಟಪದ ದಾರಿಯ ಚಿತ್ರಪುಸ್ತಕ

ಮೈಸೂರಿನ ಅಂಬಾವಿಲಾಸ ಅರಮನೆಯ ಕಲ್ಯಾಣಮಂಟಪದ ಗೋಡೆಗಳ ಮೇಲೆ ವಿಜಯದಶಮಿಯ ಜಂಬೂಸವಾರಿ ವರ್ಷವೆಲ್ಲ ಸಾಗುತ್ತಲೇ ಇರುತ್ತದೆ. 1897ರ ಅಗ್ನಿ ಅನಾಹುತದಲ್ಲಿ ಹಳೆಯ ಮರದ ಅರಮನೆ ಭಸ್ಮವಾಗಿ, 1912ರಲ್ಲಿ ಹೊಸ ಅರಮನೆ ಪೂರ್ಣಗೊಂಡು, ಅದಾದ ಎಷ್ಟೋ ವರ್ಷಗಳ ಮೇಲೆ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಮೈಸೂರಿನ ಕಲಾವಿದರು ಬರೆಯಲಾರಂಭಿಸಿದ ಈ ಚಿತ್ರಗಳಲ್ಲಿ ಕಾಣುವ ಆನೆ, ಕುದುರೆ, ಪದಾತಿ, ಬೀದಿ, ಜನ ಇವೆಲ್ಲವೂ ನಿಜವಾದ ಮೆರವಣಿಗೆಯ ಛಾಯಾಚಿತ್ರಗಳನ್ನು ಆಧರಿಸಿದವು. ಮಕ್ಕಳ ಪಾಲಿಗೆ ನಮ್ಮ ನಾಡಿನಲ್ಲಿ ಇದಕ್ಕಿಂತ ಭವ್ಯವಾದ ಚಿತ್ರಪುಸ್ತಕ ಮತ್ತೊಂದಿಲ್ಲವೆಂದು ನನ್ನ ದೃಢವಾದ ನಂಬಿಕೆ.

ಆದರೆ ಈ ಪುಸ್ತಕದಲ್ಲಿ ಕಥೆಯನ್ನು ಓದಿ ಹೇಳುವ ಅಕ್ಷರಗಳಿಲ್ಲ; ಅದನ್ನು ತಾತನೋ ಅಜ್ಜಿಯೋ ಪೂರೈಸಬೇಕು. "ಈ ಆನೆಗಳೆಲ್ಲ ಎಲ್ಲಿಗೆ ಹೋಗುತ್ತಿವೆ, ತಾತ?" ಎಂದು ಮೊಮ್ಮಗು ಕೇಳಿತೆಂದರೆ ಬನ್ನಿಮಂಟಪದ ಇತಿಹಾಸವನ್ನೆಲ್ಲ ಬಿಡಿಸಿಡಬೇಕಾಗುತ್ತದೆ.

ರಾಜ ಒಡೆಯರು 1610ರಲ್ಲಿ ಶ್ರೀರಂಗಪಟ್ಟಣದಲ್ಲಿ ಆರಂಭಿಸಿದ ನವರಾತ್ರಿ ಮಹೋತ್ಸವವು ಕಾಲಾಂತರದಲ್ಲಿ ಮೈಸೂರಿಗೆ ಬಂದು ನೆಲೆಗೊಂಡ ಮೇಲೆ, ದಶಮಿಯಂದು ಮಹಾರಾಜರು ಪಟ್ಟದಾನೆಯ ಮೇಲಿನ ಚಿನ್ನದ ಅಂಬಾರಿಯಲ್ಲಿ ಕುಳಿತು, ಸಯ್ಯಾಜಿರಾವ್ ರಸ್ತೆಯ ಮಾರ್ಗವಾಗಿ ಸುಮಾರು ಐದು ಕಿಲೋಮೀಟರು ದೂರದ ಬನ್ನಿಮಂಟಪಕ್ಕೆ ಬಿಜಯಂಗೈದು, ಅಲ್ಲಿ ಬನ್ನಿವೃಕ್ಷವನ್ನು ಪೂಜಿಸಿ, ಅಶ್ವಾರೂಢರಾಗಿ ಸೈನ್ಯವನ್ನು ಪರಿವೀಕ್ಷಿಸಿ, ಪಂಜಿನ ಬೆಳಕಿನಲ್ಲಿ ಹಿಂದಿರುಗುತ್ತಿದ್ದರು. ಬನ್ನಿಗೇಕೆ ಪೂಜೆಯೆಂಬುದನ್ನು ವಿವರಿಸುವ ಅಧಿಕಾರ ಮಾತ್ರ ಮನೆಮನೆಯ ಅಜ್ಜಿಗೇ ಸೇರಿದ್ದು. ಅಜ್ಞಾತವಾಸಕ್ಕೆ ಹೊರಟ ಪಾಂಡವರು ತಮ್ಮ ಆಯುಧಗಳನ್ನು ಶಮೀವೃಕ್ಷದ ಮೇಲೆ ಬಚ್ಚಿಟ್ಟು, ಯಾರೂ ಹತ್ತಿರ ಸುಳಿಯದಿರಲೆಂದು ಶವವೊಂದನ್ನು ಅದಕ್ಕೆ ಕಟ್ಟಿದರೆಂಬಲ್ಲಿಗೆ ಕಥೆ ಬಂದಾಗ ಮಗು ಅಜ್ಜಿಯ ಸೆರಗನ್ನು ಹಿಡಿಯದೆ ಇರದು. ಮುಂದೆ ಉತ್ತರಕುಮಾರನನ್ನು ಮರ ಹತ್ತಿಸಿ ಅರ್ಜುನನು ಗಾಂಡೀವವನ್ನು ಇಳಿಸಿಕೊಳ್ಳುವಾಗ ಭಯವೆಲ್ಲ ಹರ್ಷವಾಗುತ್ತದೆ.

ಅರಸರ ಸವಾರಿ ನಿಂತು ಈಗ ಅರ್ಧಶತಮಾನವೇ ಕಳೆದಿದೆ. 750 ಕಿಲೋ ತೂಕದ ಅದೇ ಅಂಬಾರಿಯಲ್ಲಿ ಚಾಮುಂಡೇಶ್ವರಿಯ ಮೂರ್ತಿ ಬರುತ್ತದೆ. ರಾತ್ರಿ ಬನ್ನಿಮಂಟಪದ ಮೈದಾನದಲ್ಲಿ ಪಂಜಿನ ಕವಾಯತು ನಡೆಯುತ್ತದೆ. ಮೈಸೂರಿನ ಮನೆಗಳಲ್ಲಿ ತಲೆಮಾರುಗಳನ್ನು ಅಂಬಾರಿಯ ಆನೆಗಳಿಂದಲೇ ಗುರುತಿಸಬಹುದು. ತಾತನಿಗೆ ಅಂಬಾರಿಯೊಡನೆ ನೆನಪಾಗುವವನು 1998ರಲ್ಲಿ ಮೃತನಾದ ದ್ರೋಣ, ತಂದೆಗೆ ಬಲರಾಮ, ಮೊಮ್ಮಗುವಿಗೆ ಅಭಿಮನ್ಯು. ಇನ್ನೂ ಹಿರಿಯರಾದ ಕೆಲವರು ಜಯಚಾಮರಾಜ ಒಡೆಯರನ್ನೇ ಅಂಬಾರಿಯಲ್ಲಿ ಕಂಡವರು. ತಂದೆಯ ಹೆಗಲೇರಿ, ಜನಸಾಗರದ ಮೇಲಿಂದ ಅವರು ಕಂಡ ನೋಟ ಅರಮನೆಯ ಕಡತಗಳಲ್ಲಿ ದೊರೆಯುವಂಥದಲ್ಲ. ಗಜಪಡೆಯ ಕ್ರಮವನ್ನೂ ವಾದ್ಯವೃಂದದ ಸ್ಥಾನವನ್ನೂ ಬರೆದಿಟ್ಟ ನಾವು, ನೋಡಲು ನೆರೆದ ಮಕ್ಕಳ ವಿಸ್ಮಯವನ್ನು ಬರೆದಿಡಲಿಲ್ಲ. ನಮ್ಮ ಇತಿಹಾಸಲೇಖನದಲ್ಲಿ ಇದು ನಿಜವಾದ ಕೊರತೆ.

ಆದುದರಿಂದ, ಓದುಗರೇ, ಈ ಸಲ ದಸರೆಗೆ ಮುನ್ನ ಮನೆಯ ಹಿರಿಯರನ್ನೂ ಕಿರಿಯರನ್ನೂ ಒಟ್ಟಿಗೆ ಕಲ್ಯಾಣಮಂಟಪಕ್ಕೆ ಕರೆದೊಯ್ಯಿರಿ. ಚಿತ್ರಗಳ ಮುಂದೆ ಅವರಾಡುವ ಮಾತುಗಳನ್ನು ಅಂದೇ ಬರೆದಿಟ್ಟುಕೊಳ್ಳಿರಿ.