ಕಿವಿಗೆ ಬಿದ್ದ ಕಿಡಿ

ಕಲಬುರಗಿ ಕೋಟೆಯ ಎತ್ತರದ ಬುರುಜಿನ ಮೇಲೆ ಬಾರಾ ಗಜಿ ತೋಪು ಮಲಗಿದೆ. ಹನ್ನೆರಡು ಗಜದ ತೋಪೆಂದು ಅದರ ಹೆಸರು. ಉದ್ದ ಸುಮಾರು 29 ಅಡಿ. ಪಂಚಲೋಹದಲ್ಲಿ ಎರಕ ಹೊಯ್ದದ್ದೆಂದು ಹೇಳುವವರಿದ್ದಾರೆ. ಹತ್ತಿರ ಹೋಗಿ ಅಂಗೈ ಇಟ್ಟು ನೋಡಿದವರಿಗೆ ಬೇರೆಯೇ ಸಂಗತಿ ತಿಳಿಯುತ್ತದೆ. ಮೊಣಕೈವರೆಗೆ ಬಳೆ ತೊಟ್ಟ ತೋಳಿನಂತೆ ಅದರ ಮೈಮೇಲೆ ಕಬ್ಬಿಣದ ಬಳೆಯ ಪಕ್ಕಕ್ಕೆ ಬಳೆ ಕೂತಿದೆ. ಎರಡು ಬಳೆ ಕೂಡಿದ ಕಡೆ ಉಗುರು ಆಡಿಸಿದರೆ ಸಣ್ಣ ಗೆರೆಯೊಂದು ತಡೆಯುತ್ತದೆ. ಎರಕದ ಮೈಗೆ ಇಂಥ ಗೆರೆ ಬೀಳುವುದಿಲ್ಲ. ಇದು ಕಾಯಿಸಿ, ಬಡಿದು, ಬೆಸೆದು ಕಟ್ಟಿದ ತೋಪು.

ಈ ತೋಪು ಕಟ್ಟಿದ ಕಾಲದ ನಮ್ಮ ಕುಲುಮೆಗಳಲ್ಲಿ ಕಬ್ಬಿಣ ನೀರಾಗುತ್ತಿರಲಿಲ್ಲ. ಇದ್ದಿಲು ಮತ್ತು ಅದಿರನ್ನು ಒಂದರ ಮೇಲೊಂದು ತುಂಬಿ, ಚರ್ಮದ ತಿದಿಯಿಂದ ಗಾಳಿ ಊದಿದರೆ, ಕೊನೆಗೆ ಕೆಳಗೆ ಇಳಿಯುತ್ತಿದ್ದುದು ಕಿಟ್ಟ ಬೆರೆತ ಕೆಂಪು ಮುದ್ದೆ. ಅದನ್ನು ಚಮ್ಮಟಿಗೆಯಿಂದ ಹೊಡೆಹೊಡೆದು ಕಿಟ್ಟ ಹಿಂಡಿ ತೆಗೆದರೆ ಪಟ್ಟಿ ಎಳೆಯುವ ಹದಕ್ಕೆ ಬರುತ್ತಿತ್ತು. ಕಂಚು ಕರಗುತ್ತದೆ, ಆದ್ದರಿಂದ ಕಂಚಿನ ತೋಪನ್ನು ಎರಕ ಹೊಯ್ದರು; 1549ರಲ್ಲಿ ಅಹ್ಮದನಗರದಲ್ಲಿ ಮಹಮ್ಮದ್ ಬಿನ್ ಹುಸೇನ್ ರೂಮಿ ಹೊಯ್ದ ಮಲಿಕ್-ಎ-ಮೈದಾನ್ ಇಂದಿಗೂ ವಿಜಯಪುರದ ಬುರುಜಿನ ಮೇಲಿದೆ. ಕಬ್ಬಿಣದ ತೋಪಿಗೆ ಆ ದಾರಿ ಇರಲಿಲ್ಲ. ಉದ್ದುದ್ದ ಪಟ್ಟಿಗಳನ್ನು ಪೀಪಾಯಿಯ ಹಲಗೆಗಳಂತೆ ದುಂಡಗೆ ಜೋಡಿಸಬೇಕು. ಅದರ ಮೇಲೆ ಕೆಂಪಗೆ ಕಾದ ಬಳೆ ಏರಿಸಬೇಕು. ಬಳೆ ಆರುತ್ತ ಆರುತ್ತ ಕುಗ್ಗಿ ಪಟ್ಟಿಗಳನ್ನು ಅಪ್ಪಿ ಬಿಗಿಯುತ್ತದೆ. ಅದರ ಬೆನ್ನಿಗೆ ಇನ್ನೊಂದು, ಮತ್ತೊಂದು. ಒಂದು ಸುತ್ತು ಮುಗಿದ ಮೇಲೆ ಅದರ ಮೇಲೊಂದು ಸುತ್ತು. ಎತ್ತಿನ ಗಾಡಿಯ ಗಾಲಿಗೆ ಕಂಬಾರರು ಕಬ್ಬಿಣದ ಪಟ್ಟಿ ತೊಡಿಸುವುದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ವಿದ್ಯೆ ಅದೇ. 29 ಅಡಿಯ ಉದ್ದಕ್ಕೂ ಒಂದು ಬಳೆಯೂ ಓರೆಯಾಗದಂತೆ, ಒಂದು ಬೆಸುಗೆಯೂ ತಣ್ಣಗೆ ಉಳಿಯದಂತೆ ಅದನ್ನು ನಡೆಸಿದ್ದು ಮಾತ್ರ ಬೇರೆ ಎತ್ತರದ ಕೆಲಸ. ಒಂದೇ ಬೆಸುಗೆ ಸೋತಿದ್ದರೂ ಮದ್ದಿನ ಮೊದಲ ಹೊಡೆತಕ್ಕೆ ತೋಪು ಬಿರಿದು ಪಕ್ಕದಲ್ಲಿ ನಿಂತವರನ್ನೇ ತೆಗೆದುಕೊಂಡು ಹೋಗುತ್ತಿತ್ತು.

ಇಷ್ಟೆಲ್ಲ ಕಟ್ಟಿದ ಮೇಲೆ, ಹಿಂಬದಿಯಲ್ಲಿ ಒಂದು ಸಣ್ಣ ತೂತು. ಅದಕ್ಕೆ ಕಿವಿ ಎಂದು ಹೆಸರು. ಆನೆ ಗಾತ್ರದ ತೋಪಾಗಲಿ, ಹೆಗಲಿನ ಬಂದೂಕಾಗಲಿ, ಅದರ ಪ್ರಾಣ ಇದ್ದದ್ದು ಆ ಕಿವಿಯಲ್ಲಿ. ನಳಿಗೆಯ ಹುಟ್ಟು ಶತಮಾನಗಳುದ್ದಕ್ಕೂ ಹೆಚ್ಚುಕಡಿಮೆ ಒಂದೇ ಬಗೆಯದು: ಕಾದ ಪಟ್ಟಿ, ಸುತ್ತಿಗೆ, ಬೆಸುಗೆ. ಬದಲಾಗುತ್ತ ಬಂದದ್ದು ಕಿವಿಗೆ ಕಿಡಿ ಮುಟ್ಟಿಸುವ ಬಗೆ. ಈ ನಾಡಿನ ಬಂದೂಕಿನ ಚರಿತ್ರೆಯನ್ನು ನಾನು ಆ ಕಿಡಿಯ ಹಿಂದೆ ನಡೆದೇ ಹೇಳುತ್ತೇನೆ.

1347ರಲ್ಲಿ ಗಾದಿ ಏರಿದ ಅಲಾವುದ್ದೀನ್ ಹಸನ್ ಬಹಮನ್ ಶಾಹ ಕಲಬುರಗಿಯನ್ನು ರಾಜಧಾನಿ ಮಾಡಿಕೊಂಡ. ಅವನ ಮಗ ಒಂದನೆಯ ಮಹಮ್ಮದ ಶಾಹನು ವಿಜಯನಗರದೊಡನೆ ನಡೆಸಿದ ಯುದ್ಧದ ಕಾಲಕ್ಕೇ ತೋಪುಖಾನೆಯೊಂದನ್ನು ಕಟ್ಟಿದನೆಂದೂ, ಅದಕ್ಕೆ ಮುಕರ್ರಬ್ ಖಾನನನ್ನು ಹಿರಿಯನಾಗಿ ಇಟ್ಟನೆಂದೂ, ರೂಮಿಗಳು ಮತ್ತು ಫರಂಗಿಗಳು ಅದರಲ್ಲಿ ದುಡಿದರೆಂದೂ ಇತಿಹಾಸಕಾರ ಫೆರಿಷ್ತಾ ಬರೆದಿದ್ದಾನೆ. ಆದರೆ ಫೆರಿಷ್ತಾ ಲೇಖನಿ ಹಿಡಿದದ್ದು ವಿಜಯಪುರದ ಆಸ್ಥಾನದಲ್ಲಿ, ಎರಡು ಶತಮಾನಕ್ಕೂ ಹೆಚ್ಚು ಕಾಲ ಕಳೆದ ಮೇಲೆ. ಫರಂಗಿಗಳ ಹಡಗು ನಮ್ಮ ಕಡಲಿಗೆ ಬಂದದ್ದೇ 1498ರಲ್ಲಿ. ತನ್ನ ಕಣ್ಣೆದುರಿನ ತೋಪುಖಾನೆಯನ್ನೇ ಆತ ಹಿಂದಿನ ಸುಲ್ತಾನನ ಕಾಲಕ್ಕೆ ಒಯ್ದಿಟ್ಟನೆಂದು ನನಗೆ ತೋರುತ್ತದೆ. ಮದ್ದು ಮಾತ್ರ ಬೇಗನೆ ಬಂದಿತ್ತು. 1472ರಲ್ಲಿ ಬಹಮನಿ ಮಂತ್ರಿ ಮಹಮೂದ್ ಗಾವಾನನು ಬೆಳಗಾವಿ ಕೋಟೆಯ ಗೋಡೆಯಡಿ ಸುರಂಗ ತೋಡಿಸಿ, ಮದ್ದು ತುಂಬಿ ಹಾರಿಸಿದ. ಅಷ್ಟರಲ್ಲಿ ರಾಜಧಾನಿ ಕಲಬುರಗಿಯನ್ನು ಬಿಟ್ಟು ಬೀದರಿಗೆ ಹೋಗಿ ಅರ್ಧ ಶತಮಾನವಾಗಿತ್ತು.

ಹೆಗಲಿನ ಬಂದೂಕು ತನ್ನ ಬಲ ತೋರಿದ್ದು 1520ರಲ್ಲಿ, ರಾಯಚೂರಿನ ಗೋಡೆಯ ಕೆಳಗೆ. ಕೃಷ್ಣದೇವರಾಯನ ಸೇನೆಯೊಡನೆ ಕ್ರಿಸ್ಟೊವಾವ್ ಡಿ ಫಿಗೇರೆದೊ ಎಂಬ ಪೋರ್ಚುಗೀಸನೂ ಅವನ ಇಪ್ಪತ್ತು ಮಂದಿ ಬಂದೂಕಿನವರೂ ಇದ್ದರು. ಕೋಟೆಯ ತೆನೆಗಳ ನಡುವಿನಿಂದ ತಲೆ ಹೊರಗಿಟ್ಟವರನ್ನೆಲ್ಲ ಅವರು ಒಬ್ಬೊಬ್ಬರಾಗಿ ಕೆಡವಿದರು. ಏನಾಗುತ್ತಿದೆಯೆಂದು ಬಗ್ಗಿ ನೋಡಿದ ಕೋಟೆಯ ಅಧಿಪತಿಗೇ ಹಣೆಯ ನಡುವೆ ಗುಂಡು ಬಿತ್ತೆಂದು ಪೋರ್ಚುಗೀಸ್ ಪ್ರವಾಸಿ ನ್ಯೂನಿಜ್ ಬರೆದಿದ್ದಾನೆ. ಅದೇ ಸಮರದಲ್ಲಿ ವಿಜಯಪುರದ ಸುಲ್ತಾನ ಇಸ್ಮಾಯಿಲ್ ಆದಿಲ್ ಶಾಹನು ತನ್ನ ತೋಪುಗಳನ್ನೆಲ್ಲ ಒಮ್ಮೆಗೇ ಹಾರಿಸಿದ್ದ. ಮತ್ತೆ ಮದ್ದು ತುಂಬುವುದರೊಳಗೆ ರಾಯನ ಸೇನೆ ತಿರುಗಿ ನಿಂತು ಮೇಲೆ ಬಿತ್ತು. ದೊಡ್ಡ ತೋಪುಗಳೇ 400 ವಿಜಯನಗರದ ಕೈಸೇರಿದವೆಂದು ನ್ಯೂನಿಜನ ಲೆಕ್ಕ. ಇಪ್ಪತ್ತು ಸಣ್ಣ ನಳಿಗೆಗಳು ಮಾಡಿದ ಕೆಲಸವನ್ನು ಆ 400 ತೋಪು ಮಾಡಲಾಗಲಿಲ್ಲ.

ಆ ಬಂದೂಕುಗಳು ಬತ್ತಿಯವು. ಪೆಟ್ಲುಪ್ಪಿನ ನೀರಲ್ಲಿ ನೆನೆಸಿ ಒಣಗಿಸಿದ ನೂಲಿನ ಹಗ್ಗ ತುದಿಯಲ್ಲಿ ನಿಗಿನಿಗಿ ಉರಿಯುತ್ತಿರಬೇಕು. ಬಂದೂಕಿನ ಕುದುರೆ ಎಂಬ ಕೊಕ್ಕೆ ಅದನ್ನು ಕಚ್ಚಿ ಹಿಡಿದಿರುತ್ತದೆ. ಬೆರಳು ಒತ್ತಿದಾಗ ಬಾಗಿ, ಕಿವಿಯ ಪಕ್ಕದ ಬಟ್ಟಲಲ್ಲಿರುವ ರಂಜಕಕ್ಕೆ, ಅಂದರೆ ಹೊತ್ತಿಸುವ ಮದ್ದಿನ ಪುಡಿಗೆ, ಕೆಂಡ ಮುಟ್ಟಿಸುತ್ತದೆ. ಕೆಲಸ ಸುಲಭ, ರಿಪೇರಿ ಸುಲಭ, ಹಳ್ಳಿಯ ಕಂಬಾರನ ಕೈಗೂ ಎಟಕುವಂಥದು. ಆದ್ದರಿಂದಲೇ ಈ ಸೀಮೆಯ ಬೇಡರು, ಪಾಳೆಯಗಾರರು, ಕೋಟೆ ಕಾವಲಿನವರು ಮುನ್ನೂರು ವರ್ಷ ಅದನ್ನು ಬಿಡಲಿಲ್ಲ. ಆದರೆ ಬತ್ತಿಗೆ ಮಳೆ ಶತ್ರು. ಇರುಳಲ್ಲಿ ಅದರ ಕೆಂಪು ಚುಕ್ಕೆ ಹೊಂಚು ಕೂತವನ ಜಾಗ ಹೇಳಿಬಿಡುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ, ಮದ್ದು ಇದ್ದಲ್ಲೇ ಬೆಂಕಿಯೂ ಸದಾ ಇರಬೇಕು. ಮದ್ದಿನ ನೆರೆಯಲ್ಲಿ ಕಿಡಿ ಏನು ಮಾಡುತ್ತದೆಂಬುದನ್ನು 1657ರ ಮಾರ್ಚಿನಲ್ಲಿ ಬೀದರ ಕಂಡಿತು. ಔರಂಗಜೇಬನ ಮುತ್ತಿಗೆಯ ಹೊತ್ತಿನಲ್ಲಿ ಅಗ್ನಿಬಾಣವೊಂದರ ಕಿಡಿ ಬುರುಜಿನ ಹಿಂದಿನ ಮದ್ದಿನ ಗುಂಡಿಗೆ ಬಿದ್ದಿತು. ಕೋಟೆ ಕಾಯುತ್ತಿದ್ದ ವೃದ್ಧ ಸಿದ್ದಿ ಮರ್ಜಾನ್ ಇಬ್ಬರು ಮಕ್ಕಳೊಡನೆ ತೀವ್ರವಾಗಿ ಸುಟ್ಟು ಗಾಯಗೊಂಡ. ಬೀದರ ಮೊಘಲರದಾಯಿತು.

ಕಲಬುರಗಿಯಿಂದ ಹುಮನಾಬಾದ ಹಿಡಿದು ಬೀದರಿಗೆ ಹೋಗುವ ದಾರಿಯಲ್ಲಿ ಕಮಲಾಪುರ ಸಿಗುತ್ತದೆ. ಇಂದು ಆ ಹೆಸರು ಹೇಳಿದರೆ ಕೆಂಪು ಬಾಳೆ ನೆನಪಾಗುತ್ತದೆ.  ನನ್ನ ಕಥೆಗೆ ಬೇಕಾದದ್ದು ಬಾಳೆಯಲ್ಲ, ಬತ್ತಿಯ ಜಾಗಕ್ಕೆ ಬಂದ ಕಲ್ಲು. ಈ ಸೀಮೆಯ ನೆಲದಡಿ ಇರುವುದು ದಖನ್ನಿನ ಲಾವಾ ಆರಿ ಆದ ಕರಿಬಂಡೆ. ಲಾವಾ ಆರುವಾಗ ಉಳಿದ ಪೊಳ್ಳುಗಳಲ್ಲಿ ನೀರು ತಂದ ಸಿಲಿಕ ಕಾಲಾಂತರದಲ್ಲಿ ಹೆಪ್ಪುಗಟ್ಟಿ, ಬಂಡೆ ಸವೆದ ಮೇಲೆ ಗಟ್ಟಿ ಗೆಡ್ಡೆಗಳಾಗಿ ಹೊಲ–ಹಳ್ಳಗಳಲ್ಲಿ ಬಿದ್ದಿರುತ್ತದೆ. ಹಾಲುಬಿಳುಪು, ಹೊಗೆಬಣ್ಣ, ಜೇನುಬಣ್ಣ. ಒಡೆದರೆ ಗಾಜಿನಂತೆ ಅಂಚು. ಉಕ್ಕಿನ ತುಂಡಿಗೆ ಗೀಚಿದರೆ ಕಿಡಿ. ಇದೇ ನಮ್ಮ ಚಕಮಕಿ ಕಲ್ಲು. ಒಲೆ ಹೊತ್ತಿಸಲು, ಚಿಲುಮೆ ಹಚ್ಚಲು ಜನ ಬಳಸಿಕೊಂಡು ಬಂದ ಈ ಕಲ್ಲೇ ಹದಿನೆಂಟನೆಯ ಶತಮಾನದಲ್ಲಿ ಬಂದೂಕಿನ ಕುದುರೆಯ ಬಾಯಿ ಸೇರಿತು.

ಚಕಮಕಿ ಬಂದೂಕು ಬೆಂಕಿಯನ್ನು ಹೊತ್ತು ತಿರುಗುವುದಿಲ್ಲ, ಬೇಕಾದಾಗ ಹುಟ್ಟಿಸಿಕೊಳ್ಳುತ್ತದೆ. ಕುದುರೆಯ ಎರಡು ದವಡೆಗಳ ನಡುವೆ ತೊಗಲಿನ ಚೂರಿನಲ್ಲಿ ಸುತ್ತಿದ ಕಲ್ಲು. ಅದರ ಎದುರಿಗೆ, ರಂಜಕದ ಬಟ್ಟಲಿಗೆ ಮುಚ್ಚಳವಾಗಿ ನಿಂತ ಉಕ್ಕಿನ ತಗಡು. ಬೆರಳು ಒತ್ತಿದರೆ ಕಮಾನು ಬಿಚ್ಚಿ ಕಲ್ಲು ಆ ತಗಡನ್ನು ಕೆರೆಯುತ್ತ ಇಳಿಯುತ್ತದೆ. ಕೆರೆದ ರಭಸಕ್ಕೆ ಮುಚ್ಚಳ ಹಿಂದಕ್ಕೆ ಬಿದ್ದು ಬಟ್ಟಲು ತೆರೆಯುತ್ತದೆ. ಉರಿಯುವ ಉಕ್ಕಿನ ಪುಡಿ ರಂಜಕದ ಮೇಲೆ ಸುರಿಯುತ್ತದೆ. ಜ್ವಾಲೆ ಕಿವಿಯೊಳಗೆ ಹೊಕ್ಕು ಒಳಮದ್ದನ್ನು ಹಿಡಿಯುತ್ತದೆ. ಇಷ್ಟೂ ಕಣ್ಣು ಮಿಟುಕಿಸುವಷ್ಟರಲ್ಲಿ. ಕಿಡಿಯಾಗಿ ಹಾರುವುದು ಕಲ್ಲಲ್ಲ, ಕಲ್ಲು ಸುಲಿದ ಉಕ್ಕು. ಮೆತ್ತನೆಯ ಕಬ್ಬಿಣದ ಮುಚ್ಚಳ ಹಾಕಿದರೆ ಎಷ್ಟು ಕೆರೆದರೂ ಕಿಡಿ ಬಾರದು. ನಳಿಗೆ ಬಾಗುವ ಕಬ್ಬಿಣದ್ದಾಗಬೇಕು, ಕಮಾನು ಪುಟಿಯುವ ಉಕ್ಕಿನದಾಗಬೇಕು, ಮುಚ್ಚಳ ಕಡುಗಟ್ಟಿ ಉಕ್ಕಿನದಾಗಬೇಕು. ಒಂದೇ ಬಂದೂಕಿನಲ್ಲಿ ಮೂರು ಹದ.

ಅದೃಷ್ಟಕ್ಕೆ ಉಕ್ಕಿಗೆ ಈ ನಾಡಿನಲ್ಲಿ ಬರವಿರಲಿಲ್ಲ. 1800ರಲ್ಲಿ ಫ್ರಾನ್ಸಿಸ್ ಬುಕಾನನ್ ಮಾಗಡಿಯ ಹತ್ತಿರದ ಘಟ್ಟಿಪುರದಲ್ಲಿ ಮಣ್ಣಿನ ಮೂಸೆಗಳಲ್ಲಿ ಕಬ್ಬಿಣವಿಟ್ಟು ಉಕ್ಕು ಮಾಡುವುದನ್ನು ಕಂಡು ಬರೆದುಕೊಂಡ. ನಿಜಾಮನ ಸೀಮೆಯ ಕೋನಸಮುದ್ರದ ಉಕ್ಕಿಗಾಗಿ ಇರಾನಿನ ಇಸ್ಫಹಾನಿನಿಂದ ವರ್ತಕರು ಬಂದು ಕೂರುತ್ತಿದ್ದರು.

ನಳಿಗೆ ಮಾಡುವ ಬಗೆಯನ್ನು ಇಲ್ಲಿ ಕೊಂಚ ನಿಂತು ನೋಡಬೇಕು, ಏಕೆಂದರೆ ಬಾರಾ ಗಜಿ ತೋಪಿನ ವಿದ್ಯೆ ಅದರಲ್ಲಿ ಮರಿಯಾಗಿ ಉಳಿದಿದೆ. ಕಾದ ಪಟ್ಟಿಯನ್ನು ಸಲಾಕೆಯ ಮೇಲೆ ಹುರಿಯಂತೆ ಸುತ್ತಿ, ಒಂದೊಂದು ಗೇಣು ಕಾಯಿಸಿ, ಸುತ್ತಿಗೆಯಿಂದ ಬಡಿದು ಒಂದು ಸುತ್ತನ್ನು ಇನ್ನೊಂದಕ್ಕೆ ಬೆಸೆಯುತ್ತಿದ್ದರು. ಬಿಳುಪೇರಿದ ಕಬ್ಬಿಣದಿಂದ ಮತಾಪಿನ ಹೂ ಉದುರತೊಡಗಿದರೆ ಕಾವು ಮೀರಿತೆಂದರ್ಥ, ಬರೀ ಕೆಂಪಗಿದ್ದರೆ ಬೆಸುಗೆ ಹತ್ತದು. ನಡುವಿನ ಆ ಗಳಿಗೆಯನ್ನು ಕಣ್ಣೇ ಹಿಡಿಯಬೇಕು. ಸಲಾಕೆ ಎಳೆದು, ಬೈರಿಗೆಯಿಂದ ಒಳಗನ್ನು ಕೊರೆದು, ಒಂದು ನೂಲನ್ನು ಬಿಗಿದು ಹಾಯಿಸಿ ಡೊಂಕು ನೋಡಬೇಕು. ಹಿಂಬದಿಗೆ ತಿರುಪಿನ ಬೆಣೆ. ಆಮೇಲೆ ಅರ ಹಿಡಿದು ಮೈ ಸಮಮಾಡಿ, ಎಣ್ಣೆ ಕುಡಿಸಿ, ಗಟ್ಟಿ ಮರದ ಕುಂದದಲ್ಲಿ ಕೂರಿಸಬೇಕು. ಇದೇ ಹೊತ್ತಿಗೆ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಜರ್ಮನಿಯಿಂದ ಹೋಗಿ ನೆಲೆಸಿದ ಕಂಬಾರರೂ ಪಟ್ಟಿ ಬಡಿದು ಬೆಸೆದು ಚಕಮಕಿಯ ಉದ್ದ ಬಂದೂಕು ಮಾಡುತ್ತಿದ್ದರು. ಅವರು ನಳಿಗೆಯ ಒಳಗೋಡೆಗೆ ಸುರುಳಿ ಗೀರು ಕೊರೆದು ಗುಂಡನ್ನು ಬುಗುರಿಯಂತೆ ತಿರುಗಿಸಿ ಬಿಟ್ಟರು. ನಮ್ಮವು ಹೆಚ್ಚಾಗಿ ನುಣುಪು ಒಡಲಿನವು.

ಕನ್ನಡ ನಾಡಿನಲ್ಲಿ ಈ ವಿದ್ಯೆ ತನ್ನ ಶಿಖರ ಮುಟ್ಟಿದ್ದು ಶ್ರೀರಂಗಪಟ್ಟಣದಲ್ಲಿ. ಟಿಪ್ಪುವಿನ ಕಾರ್ಖಾನೆಗಳು ಯುರೋಪಿನ ಮಾದರಿಯ ಚಕಮಕಿ ಬಂದೂಕುಗಳನ್ನು ಮಾಡಿದವು. ನಳಿಗೆಗೆ ಬಂಗಾರದ ಹುಲಿಪಟ್ಟೆ, ಟಿಪ್ಪುವೇ ತಂದ ಮೌಲೂದಿ ಪಂಚಾಂಗದ ವರ್ಷದ ಅಂಕಿ, ಹೈದರ್ ಎಂಬ ಹೆಸರಿನ ಮುದ್ರೆ. 1799ರ ಮೇ 4ರಂದು ಕೋಟೆ ಬಿದ್ದಾಗ ಅವು ಲೂಟಿಯಾಗಿ ಹಡಗು ಹತ್ತಿದವು. ಇಂದು ಹೊರದೇಶದ ವಸ್ತುಸಂಗ್ರಹಾಲಯಗಳ ಗಾಜಿನ ಹಿಂದೆ ಅವನ್ನು ನೋಡಬೇಕಾಗಿರುವುದು ನನಗೆ ಸಂಕಟದ ಸಂಗತಿ.

ಕಲಬುರಗಿ ಆಗ ನಿಜಾಮನ ಕೈಯಲ್ಲಿತ್ತು. ಹೈದರಾಬಾದಿನಲ್ಲಿ ಫ್ರೆಂಚ್ ಸೇನಾನಿ ರೇಮಂಡ್ 1795ರಲ್ಲಿ ತೋಪಿನ ಕಾರ್ಖಾನೆ ಕಟ್ಟಿಸಿದ. ಆ ಬಡಾವಣೆಗೆ ಇಂದಿಗೂ ಗನ್‌ಫೌಂಡ್ರಿ ಎಂದೇ ಹೆಸರು. 1798ರ ಮಾರ್ಚಿನಲ್ಲಿ ರೇಮಂಡ್ ತೀರಿಕೊಂಡ. ಅದೇ ಅಕ್ಟೋಬರಿನಲ್ಲಿ ಇಂಗ್ಲಿಷರು ಅವನ ಪಡೆಯನ್ನು ಸುತ್ತುವರಿದು ಆಯುಧ ಕೆಳಗಿಡಿಸಿದರು. ಯುದ್ಧವೇ ನಡೆಯಲಿಲ್ಲ.

ಕಿಡಿ ಮತ್ತೊಮ್ಮೆ ಮನೆ ಬದಲಿಸಿತು. 1807ರಲ್ಲಿ ಸ್ಕಾಟ್ಲೆಂಡಿನ ಪಾದ್ರಿ ಅಲೆಕ್ಸಾಂಡರ್ ಫೋರ್ಸಿತ್ ಹೊಡೆದರೆ ಸಿಡಿಯುವ ಮದ್ದಿಗೆ ಹಕ್ಕುಪತ್ರ ಪಡೆದ. ಅದರಿಂದ ಕೇಪು ಬಂತು, ಬಂದೂಕಿನಿಂದ ಕಲ್ಲು ಹೋಯಿತು. 1858ರ ಫೆಬ್ರುವರಿಯಲ್ಲಿ ಸುರಪುರದ ಬೇಡರು ದೊರೆ ವೆಂಕಟಪ್ಪ ನಾಯಕನಿಗಾಗಿ ಎದ್ದು ನಿಂತಾಗ ಎದುರಿಗಿದ್ದದ್ದು ಆ ಹೊಸ ಕಾಲ. 8ರಂದು ಇಂಗ್ಲಿಷರ ಕ್ಯಾಪ್ಟನ್ ನ್ಯೂಬೆರಿ ಅಲ್ಲಿ ಸತ್ತುಬಿದ್ದ. ಆದರೂ ಸುರಪುರ ಉಳಿಯಲಿಲ್ಲ. ಹೈದರಾಬಾದಿನಲ್ಲಿ ಸೆರೆಸಿಕ್ಕ ತರುಣ ದೊರೆ ಮೇ ತಿಂಗಳಲ್ಲಿ ಗುಂಡೇಟಿನಿಂದ ತೀರಿಕೊಂಡ. ಅದಕ್ಕೂ ಮೊದಲೇ, 1857ರ ನವೆಂಬರಿನಲ್ಲಿ, ಬಂದೂಕು ಒಪ್ಪಿಸಲಾರೆವೆಂದ ಹಲಗಲಿಯ ಬೇಡರ ಊರು ಬೆಂಕಿಗೆ ಆಹುತಿಯಾಗಿತ್ತು. ಆಮೇಲೆ ಊರೂರಲ್ಲಿ ಆಯುಧ ಒಪ್ಪಿಸುವ ಡಂಗುರ. ಕಂಬಾರನ ಕುಲುಮೆಗೆ ಉಳಿದದ್ದು ಕುಳ, ಕುಡಗೋಲು, ಗಾಲಿಯ ಪಟ್ಟಿ.

ಕಲ್ಲು ಎಲ್ಲಿಗೂ ಹೋಗಲಿಲ್ಲ. ಕಡ್ಡಿಪೆಟ್ಟಿಗೆ ಹಳ್ಳಿಗಳಿಗೆ ಬರುವ ತನಕ ಕುರಿಗಾರನ ಸೊಂಟದ ಸಂಚಿಯಲ್ಲಿ ಅದು ಮೊದಲಿನಂತೆಯೇ ಇತ್ತು. ಜೊತೆಗೆ ಬೆರಳಿಗೆ ಹಿಡಿಯುವ ಉಕ್ಕಿನ ತುಂಡು, ಒಂದು ಚಿಟಿಕೆ ಅರಳೆ. ಕಂಬಳಿಯ ಮರೆಯಲ್ಲಿ ಗಾಳಿಗೆ ಬೆನ್ನು ಕೊಟ್ಟು ಕೂತು, ಕಲ್ಲಿನ ಅಂಚಿಗೆ ಅರಳೆ ಒತ್ತಿ ಹಿಡಿದು ಆತ ಉಕ್ಕನ್ನು ಕೆಳಮುಖವಾಗಿ ಹೊಡೆಯುತ್ತಿದ್ದ. ಒಂದು ಸಲ, ಎರಡು ಸಲ. ಮೂರನೆಯದಕ್ಕೆ ಅರಳೆಯ ತುದಿ ಕೆಂಪಾಗುತ್ತಿತ್ತು. ಮೆಲ್ಲಗೆ ಊದಿ, ಅದನ್ನು ಚಿಲುಮೆಯ ಮೇಲಿಟ್ಟು, ಕುರಿಗಳು ಹೋದ ದಿಕ್ಕಿಗೆ ಎದ್ದು ನಡೆಯುತ್ತಿದ್ದ.