ಗರಿಕೆ ಹುಲ್ಲಿನ ಲೆಕ್ಕಪತ್ರ

ಮೊದಲೇ ಹೇಳಿಬಿಡುತ್ತೇನೆ, ನಾನು ಗಾಲ್ಫ್ ಆಡುವವನಲ್ಲ. ಜೀವನದಲ್ಲಿ ಕೋಲು ಹಿಡಿದದ್ದು ಚಿನ್ನಿದಾಂಡಿಗೆ ಮಾತ್ರ. ಆದರೆ ನೋಯ್ಡಾ, ಗ್ರೇಟರ್ ನೋಯ್ಡಾ ಕಡೆ ಇಷ್ಟು ವರ್ಷ ಬದುಕಿದವನಿಗೆ ಗಾಲ್ಫಿನಿಂದ ತಪ್ಪಿಸಿಕೊಳ್ಳುವುದು ಕಷ್ಟ. ಮೆಟ್ರೋದ ಬ್ಲೂ ಲೈನಿನಲ್ಲಿ ಒಂದು ನಿಲ್ದಾಣದ ಹೆಸರೇ 'ಗಾಲ್ಫ್ ಕೋರ್ಸ್'. ಇನ್ನು ನನ್ನ ಮೇಜಿಗೆ ಬರುತ್ತಿದ್ದ ಗೃಹಸಾಲದ ಕಡತಗಳಲ್ಲಿ 'ಪಿಎಲ್‌ಸಿ' ಅಂತ ಒಂದು ಸಾಲು ಇರುತ್ತಿತ್ತು. ಅಂದರೆ ಒಳ್ಳೆಯ ಜಾಗದ ಮನೆಗೆ ಬಿಲ್ಡರ್ ಹಾಕುವ ಹೆಚ್ಚುವರಿ ದುಡ್ಡು. ಪಾರ್ಕಿನ ಕಡೆ ಮುಖವಿದ್ದರೆ ಇಷ್ಟು, ಗಾಲ್ಫ್ ಮೈದಾನದ ಕಡೆ ಮುಖವಿದ್ದರೆ ಅದಕ್ಕಿಂತ ಹೆಚ್ಚು. ಹುಲ್ಲು ನೋಡುವುದಕ್ಕೆ ಲಕ್ಷಗಟ್ಟಲೆ ಸಾಲ ಮಾಡುತ್ತಾರಲ್ಲಪ್ಪಾ ಅಂತ ಒಳಗೊಳಗೇ ನಕ್ಕು ಸಹಿ ಹಾಕುತ್ತಿದ್ದೆ.

ನಮ್ಮ ಕಡೆಯವರೇ ಒಬ್ಬರು ಅಂಥ ಮನೆ ತಗೊಂಡರು. "ಬನ್ನಿ ರಾಯರೇ, ನಮ್ಮ ಬಾಲ್ಕನಿಯಲ್ಲಿ ಕೂತು ಕಾಫಿ ಕುಡಿಯೋಣ" ಅಂತ ಕರೆದದ್ದು ಒಂದು ಜನವರಿಯಲ್ಲಿ. ಮಂಜು ಸರಿದ ಮೇಲೆ ನೋಡಿದರೆ ಕೆಳಗೆ ಎಲ್ಲ ಒಣ ಹುಲ್ಲಿನ ಬಣ್ಣ! ನಡುನಡುವೆ ಮಾತ್ರ ಪಚ್ಚೆ ತೇಪೆ ಹಾಕಿದ ಹಾಗೆ ಹಸಿರು. ಮಿತ್ರರ ಮುಖ ಸಪ್ಪಗಾಯಿತು. "ಆಗಸ್ಟಿನಲ್ಲಿ ಬರಬೇಕಿತ್ತು ನೀವು" ಅಂದರು.

ಸರಿ, ಆಗಸ್ಟ್ ಕೊನೆಗೇ ಹೋದೆ. ಆ ಸಲ ಅವರ ಪರಿಚಯದ ಮೇಲೆ ಮೈದಾನದ ಅಂಚಿನ ದಾರಿಯಲ್ಲಿ ನಡೆಯುವುದಕ್ಕೂ ಅನುಮತಿ ಸಿಕ್ಕಿತು. ಹುಲ್ಲಿನ ಮೇಲೆ ಬಗ್ಗಿ ಕಳೆ ಕೀಳುತ್ತಿದ್ದ ಮಾಲಿಯೊಬ್ಬನನ್ನು ಇದು ಯಾವ ವಿಲಾಯಿತಿ ಹುಲ್ಲು ಅಂತ ಕೇಳಿದೆ. ಅವನು ನನ್ನನ್ನು ಒಂದು ಥರಾ ನೋಡಿ, "ಯೆ ತೋ ದೂಬ್ ಹೈ ಸಾಬ್" ಅಂದ.

ದೂಬ್ ಅಂದರೆ ದೂರ್ವೆ, ನಮ್ಮ ಗರಿಕೆ! ಪ್ರತಿ ವರ್ಷ ಗಣೇಶನ ಹಬ್ಬಕ್ಕೆ ಇಪ್ಪತ್ತೊಂದು ಎಸಳು ಗರಿಕೆಗಾಗಿ ಐಎನ್‌ಎ ಮಾರ್ಕೆಟ್ಟಿನ ತನಕ ಹೋಗುತ್ತಿದ್ದ ನಮಗೆ ಬೇಲಿಯ ಆಚೆ ಎಕರೆಗಟ್ಟಲೆ ಗರಿಕೆ ಇದೆ ಅಂತ ಗೊತ್ತೇ ಇರಲಿಲ್ಲ. ಇಂಗ್ಲಿಷಿನವರು ಬರ್ಮುಡಾ ಹುಲ್ಲು ಅನ್ನುವುದು ಇದನ್ನೇ. ಚಳಿಗೆ ಅದು ಮಲಗಿಬಿಡುತ್ತದೆ, ಸಾಯುವುದಿಲ್ಲ. ಜನವರಿಯಲ್ಲಿ ನಾನು ಕಂಡ ಹಸಿರು ತೇಪೆಗಳು ಚಳಿಗಾಲಕ್ಕೆಂದೇ ಮೇಲೆ ಬಿತ್ತುವ ರೈ ಹುಲ್ಲು. ಬೆಂಗಳೂರಿನಲ್ಲಿ ಈ ರಗಳೆ ಇಲ್ಲ. ಅಲ್ಲಿ ವರ್ಷವಿಡೀ ಗರಿಕೆಯೇ ಸಾಕು.

ಅಂದಿನಿಂದ ಈ ಹುಲ್ಲಿನ ಪೂರ್ವಾಪರ ಹುಡುಕುವ ಚಟ ಹತ್ತಿತು.

ಗಾಲ್ಫ್ ಶುರುವಾದದ್ದು ಶ್ರೀಮಂತರ ತೋಟದಲ್ಲಿ ಅಲ್ಲ. ಸ್ಕಾಟ್‌ಲೆಂಡಿನ ಕಡಲಂಚಿನ, ಉಳುಮೆಗೆ ಬಾರದ ಮರಳು ನೆಲದಲ್ಲಿ. ಅದಕ್ಕೆ ಅವರು ಲಿಂಕ್ಸ್ ಅನ್ನುತ್ತಾರೆ. ನಮ್ಮ ಗೋಮಾಳ ಅಂದುಕೊಳ್ಳಿ. ಹುಲ್ಲು ಕತ್ತರಿಸುವ ಕೆಲಸ ಕುರಿಗಳದ್ದು, ಮೊಲಗಳದ್ದು. 1830ರಲ್ಲಿ ಇಂಗ್ಲೆಂಡಿನ ಎಡ್ವಿನ್ ಬಡ್ಡಿಂಗ್ ಹುಲ್ಲು ಕತ್ತರಿಸುವ ಯಂತ್ರ ಮಾಡಿದ ಮೇಲೂ ಎಷ್ಟೋ ಕಾಲ ಕುರಿಗಳೇ ಅಗ್ಗವಾಗಿದ್ದವು. ಸೇಂಟ್ ಆಂಡ್ರೂಸ್‌ನಲ್ಲಿ 1764ರಲ್ಲಿ 22 ಕುಳಿಗಳಿದ್ದದ್ದನ್ನು 18ಕ್ಕೆ ಇಳಿಸಿದರು. ಇವತ್ತು ಜಗತ್ತೆಲ್ಲ 18 ಅನ್ನುವುದು ಅದರಿಂದ. 1860ರ ದಶಕದಲ್ಲಿ ಟಾಮ್ ಮಾರಿಸ್ ಎಂಬಾತ ಅಲ್ಲಿ ಮೈದಾನದ ಉಸ್ತುವಾರಿಗೆ ಬಂದ. ಹುಲ್ಲಿನ ಮೇಲೆ ತೆಳ್ಳಗೆ ಮರಳು ಹರಡಿದರೆ ನೆಲ ಸಮವಾಗುತ್ತದೆ, ಬೇರು ಗಟ್ಟಿಯಾಗುತ್ತದೆ ಅಂತ ಕಂಡುಕೊಂಡವನು ಅವನು. ಇವತ್ತಿಗೂ ಗ್ರೇಟರ್ ನೋಯ್ಡಾದಲ್ಲಿ ಮಾಡುವುದು ಅದನ್ನೇ, ಕೈಯಲ್ಲಿ ಎರಚುವ ಬದಲು ಯಂತ್ರದಲ್ಲಿ.

ಇನ್ನೊಂದು ವಿಷಯ ನನಗೆ ಬಹಳ ಹಿಡಿಸಿತು. ಸೇಂಟ್ ಆಂಡ್ರೂಸ್‌ನ ಆ ನೆಲವನ್ನು 1894ರಲ್ಲಿ ಪಾರ್ಲಿಮೆಂಟಿನ ಕಾಯಿದೆ ಮಾಡಿಸಿಕೊಂಡು ಊರೇ ಕೊಂಡಿತು. ಇವತ್ತೂ ಅದು ಯಾವ ಕ್ಲಬ್ಬಿನ ಸ್ವತ್ತೂ ಅಲ್ಲ. ಭಾನುವಾರ ಸಾಮಾನ್ಯವಾಗಿ ಅಲ್ಲಿನ ಹಳೇ ಕೋರ್ಸಿನಲ್ಲಿ ಆಟ ಇಲ್ಲ, ಊರಿನವರು ಮಕ್ಕಳು ಮರಿ ನಾಯಿ ಕರೆದುಕೊಂಡು ಓಡಾಡುತ್ತಾರೆ. ನಮ್ಮಲ್ಲಿಗೆ ಬರುವ ಹೊತ್ತಿಗೆ ಆಟ ಮಾತ್ರ ಬಂತು, ಭಾನುವಾರ ಬರಲಿಲ್ಲ.

ಭಾರತಕ್ಕೆ ಬಂದದ್ದು ಕಲ್ಕತ್ತೆಗೆ, 1829ರಲ್ಲಿ. ಆಮೇಲೆ 1876ರಲ್ಲಿ ನಮ್ಮ ಬೆಂಗಳೂರಿನ ಹೈಗ್ರೌಂಡ್ಸ್‌ಗೆ. ಬೆಂಗಳೂರು ಗಾಲ್ಫ್ ಕ್ಲಬ್ಬು ಈಗಲೂ ಅಲ್ಲೇ ಸ್ಯಾಂಕಿ ರಸ್ತೆ ಪಕ್ಕದಲ್ಲಿದೆ. ಮುಖ್ಯಮಂತ್ರಿಗಳ ಮನೆ, ದೊಡ್ಡ ಹೋಟೆಲುಗಳ ನಡುವೆ ಬಲೆ ಕಟ್ಟಿಕೊಂಡು ಆಡುತ್ತಾರೆ. ನೀರಿಲ್ಲದ ಎಷ್ಟೋ ದಂಡಿನ ಊರುಗಳಲ್ಲಿ ಕುಳಿಯ ಸುತ್ತ ಹುಲ್ಲೇ ಇರುತ್ತಿರಲಿಲ್ಲ. ಮರಳಿಗೆ ಎಣ್ಣೆ ಬೆರೆಸಿ ಬಡಿದು ಸಮ ಮಾಡುತ್ತಿದ್ದರು. 'ಗ್ರೀನ್' ಬದಲು 'ಬ್ರೌನ್' ಅಂತ ಅದರ ಹೆಸರು. ಇದ್ದುದರಲ್ಲಿ ಸಾಗಿಸುವ ಸರಿಯಾದ ಬುದ್ಧಿ ಅನ್ನಿಸುತ್ತದೆ ನನಗೆ.

ದೆಹಲಿಯದ್ದು 1930ರ ದಶಕದ ಆರಂಭದ್ದು, ಮೊದಲ ಹೆಸರು ಲೋಧಿ ಕ್ಲಬ್. 1950ರಲ್ಲಿ ದೆಹಲಿ ಗಾಲ್ಫ್ ಕ್ಲಬ್ ಆಯಿತು. ಗೋರಿಗಳ ನಡುವೆಯೇ ಆಟ. 1976–77ರಲ್ಲಿ ಆಸ್ಟ್ರೇಲಿಯಾದ ಪೀಟರ್ ಥಾಮ್ಸನ್ ಅದನ್ನು ಹೊಸದಾಗಿ ರೂಪಿಸಿದರು, 2019ರಲ್ಲಿ ದಕ್ಷಿಣ ಆಫ್ರಿಕಾದ ಗ್ಯಾರಿ ಪ್ಲೇಯರ್ ವಿನ್ಯಾಸದಂತೆ ಮತ್ತೆ ಮಾಡಿದರು. ನೋಯ್ಡಾದ್ದು 1989ರದ್ದು. ಗ್ರೇಟರ್ ನೋಯ್ಡಾ ಪ್ರಾಧಿಕಾರ ಹುಟ್ಟಿದ್ದೇ 1991ರ ಜನವರಿಯಲ್ಲಿ. ಅದಾದ ಮೇಲೆ ಪರಿ ಚೌಕದ ಹತ್ತಿರ ಜೇಪೀ ಗ್ರೀನ್ಸ್ ಬಂತು. ಒಟ್ಟು 452 ಎಕರೆಯ ಬಡಾವಣೆ, ನಡುವೆ ಗ್ರೆಗ್ ನಾರ್ಮನ್ ವಿನ್ಯಾಸದ 18 ಕುಳಿಯ ಮೈದಾನ.

ಒಂದು ಸಲ ಮಾಡಿದರೆ ಮುಗಿಯಿತಲ್ಲ, ಹುಲ್ಲಿಗೆ ಮತ್ತೆ ಮತ್ತೆ ಯಾಕೆ ಖರ್ಚು ಅಂತ ನನಗೂ ಅನ್ನಿಸಿತ್ತು. ವಿಷಯ ಹೀಗಿದೆ ನೋಡಿ. ಕುಳಿ ಇರುವ 'ಗ್ರೀನ್' ಅನ್ನುವುದು ಬರೀ ಹುಲ್ಲಲ್ಲ, ಅದೊಂದು ಕಟ್ಟಡ. ಅಮೆರಿಕದ ಗಾಲ್ಫ್ ಸಂಸ್ಥೆ 1960ರಲ್ಲಿ ಕೊಟ್ಟ ವಿಧಾನದಂತೆ ತಳದಲ್ಲಿ ಕೊಳವೆ, ಅದರ ಮೇಲೆ ನಾಲ್ಕು ಇಂಚು ಜಲ್ಲಿ, ಅದರ ಮೇಲೆ ಹನ್ನೆರಡು ಇಂಚು ಜರಡಿ ಹಿಡಿದ ಮರಳು. ಲೆಕ್ಕ ಹಾಕಿ: ಹದಿನೆಂಟು ಗ್ರೀನು ಸೇರಿ ಸುಮಾರು 10,000 ಚದರ ಮೀಟರ್ ಅಂದರೆ, 3,000 ಘನ ಮೀಟರ್ ಮರಳು. ಲಾರಿಗೆ ಹತ್ತು ಘನ ಮೀಟರಿನಂತೆ 300 ಲೋಡು. ಅದರ ಮೇಲೆ ಬೆಳೆಸುವುದು ಅಮೆರಿಕದ ಟಿಫ್ಟನ್ ಎಂಬ ಊರಿನಲ್ಲಿ ನಮ್ಮ ಗರಿಕೆಗೂ ಆಫ್ರಿಕಾದ ಅದರ ದಾಯಾದಿ ಹುಲ್ಲಿಗೂ ಸಂಬಂಧ ಮಾಡಿಸಿ ಪಡೆದ ತಳಿ. ಗ್ಲೆನ್ ಬರ್ಟನ್ ಎಂಬ ವಿಜ್ಞಾನಿ 1956ರಲ್ಲಿ ಟಿಫ್‌ಗ್ರೀನ್ ಬಿಡುಗಡೆ ಮಾಡಿದ, 1965ರಲ್ಲಿ ಟಿಫ್‌ಡ್ವಾರ್ಫ್ ಬಂತು. ಇವಕ್ಕೆ ಬೀಜ ಆಗುವುದಿಲ್ಲ. ಕಡ್ಡಿ ನೆಟ್ಟೇ ಹಬ್ಬಿಸಬೇಕು, ನಮ್ಮ ಕಡೆ ಗೆಣಸಿನ ಬಳ್ಳಿ ನೆಡುವ ಹಾಗೆ. ಮೂರು ನಾಲ್ಕು ಮಿಲಿಮೀಟರಿಗೆ ದಿನಾ ಬೆಳಿಗ್ಗೆ ಕತ್ತರಿಸಬೇಕು, ಕುಳಿಯ ಜಾಗ ಬದಲಿಸಬೇಕು, ಗಟ್ಟಿಯಾದ ನೆಲಕ್ಕೆ ಆಗಾಗ ತೂತು ಹೊಡೆದು ಮರಳು ತುಂಬಬೇಕು. ಹೀಗೆ ನೋಡಿಕೊಂಡರೂ ಸತ್ತ ಬೇರುಗಳು ಸೇರಿಸೇರಿ ಮರಳು ಕಟ್ಟಿಕೊಳ್ಳುತ್ತದೆ, ನೀರು ಇಳಿಯುವುದಿಲ್ಲ. ಹದಿನೈದಿಪ್ಪತ್ತು ವರ್ಷಕ್ಕೆ ಅಗೆದು ಹೊಸದಾಗಿ ಕಟ್ಟಬೇಕು. ನಮ್ಮ ಬಿಕಾಂ ಪುಸ್ತಕದಲ್ಲಿ ಭೂಮಿಗೆ ಸವಕಳಿ ಇಲ್ಲ ಅಂತ ಓದಿದ್ದೆವು. ಈ ಭೂಮಿ ಮಾತ್ರ ಸವೆಯುತ್ತದೆ ಸ್ವಾಮಿ!

ಇನ್ನು ನೀರು. ನೂರು ಎಕರೆ ಹುಲ್ಲಿಗೆ ಬೇಸಿಗೆಯಲ್ಲಿ ದಿನಕ್ಕೆ ಐದು ಮಿಲಿಮೀಟರ್ ನೀರು ಕೊಟ್ಟರೆ 20 ಲಕ್ಷ ಲೀಟರ್ ಆಗುತ್ತದೆ. ಊರಿನ ನೀರು ಸರಬರಾಜಿಗೆ ತಲೆಗೆ 135 ಲೀಟರ್ ಅನ್ನುವುದು ಸರ್ಕಾರಿ ಮಾನದಂಡ. ಅಂದರೆ 15,000 ಜನರ ಒಂದು ದಿನದ ನೀರು. ಹಾಗಾಗಿ ಈಗ ಚರಂಡಿ ನೀರನ್ನು ಶುದ್ಧಿ ಮಾಡಿ ಹಾಯಿಸಬೇಕು ಅನ್ನುವ ಮಾತು ಎಲ್ಲ ಊರಿನಲ್ಲೂ ಇದೆ. ಅದೇ ಸರಿ. ಕೊಳವೆಬಾವಿ ಕೊರೆದು ಹುಲ್ಲಿಗೆ ಸುರಿಯುವುದನ್ನು ಯಾವ ಲೆಕ್ಕದಲ್ಲೂ ಸಮರ್ಥಿಸಲಾಗದು.

ಈ ನೀರಿನ ವಿಷಯದಲ್ಲಿ ನಮ್ಮ ಬೆಂಗಳೂರಿನದೇ ಒಂದು ಕಥೆ ಇದೆ, ಅದನ್ನು ಹೇಳದಿದ್ದರೆ ಈ ಬರಹವೇ ವ್ಯರ್ಥ. ಹಳೇ ಏರ್‌ಪೋರ್ಟ್ ರಸ್ತೆಯ ಪಕ್ಕ ಕರ್ನಾಟಕ ಗಾಲ್ಫ್ ಅಸೋಸಿಯೇಷನ್ ಮೈದಾನ ಇದೆಯಲ್ಲ, ಅದು ಇರುವುದು ಚಲ್ಲಘಟ್ಟ ಕೆರೆಯಲ್ಲಿ. ಕೆರೆಯ ಪಕ್ಕದಲ್ಲಲ್ಲ, ಕೆರೆಯಲ್ಲಿ. ಧರ್ಮಾಂಬುಧಿ ಕೆರೆ ಮೆಜೆಸ್ಟಿಕ್ ಬಸ್‌ಸ್ಟ್ಯಾಂಡ್ ಆಯಿತು, ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾಯಿತು, ಅಕ್ಕಿತಿಮ್ಮನಹಳ್ಳಿ ಕೆರೆ ಹಾಕಿ ಮೈದಾನವಾಯಿತು. ಆ ಪಟ್ಟಿಯಲ್ಲೇ ಇದೂ ಒಂದು. ಚಲ್ಲಘಟ್ಟದ ಕೆಳಗಿನದು ಬೆಳ್ಳಂದೂರು ಕೆರೆ. ಅದು ನೊರೆ ಕಾರಿದ್ದು, ಬೆಂಕಿ ಹತ್ತಿದ್ದು ಎಲ್ಲರಿಗೂ ಗೊತ್ತು. (ಅದಕ್ಕೆ ಗಾಲ್ಫ್ ಕಾರಣ ಅಂತ ನಾನು ಹೇಳುತ್ತಿಲ್ಲ, ಇಡೀ ಊರಿನ ಹೊಲಸು ಅದು. ಆದರೆ ಸರಪಣಿಯ ಕೊಂಡಿ ಒಂದೊಂದಾಗಿ ಕಳಚಿದ್ದಂತೂ ನಿಜ.) ಅದೇ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ಚರಂಡಿ ನೀರು 2018ರಿಂದ ಕೋಲಾರದ ಒಣ ಕೆರೆಗಳಿಗೆ ಹೋಗುತ್ತಿದೆ. ಕೆರೆ ಹೋದರೂ ಕೆರೆಯ ಹೆಸರು ಕೊಳವೆಯಲ್ಲಿ ಹರಿಯುತ್ತಿದೆ.

ಆದರೂ ಆ ಮೈದಾನವನ್ನು ಪೂರ್ತಿ ಬಯ್ಯುವುದಕ್ಕೆ ಮನಸ್ಸು ಬರುವುದಿಲ್ಲ. ಐದು ವರ್ಷದ ಅದಿತಿ ಅಶೋಕ್ ಎಂಬ ಹುಡುಗಿ ಅಪ್ಪ ಅಮ್ಮನ ಜೊತೆ ತಿಂಡಿಗೆ ಹೋದಾಗ ಕಂಡು ಆಸೆಪಟ್ಟದ್ದು ಅದೇ ಮೈದಾನವನ್ನು. ಟೋಕಿಯೋ ಒಲಿಂಪಿಕ್ಸ್‌ನಲ್ಲಿ, 2021ರ ಆಗಸ್ಟಿನಲ್ಲಿ, ಅವಳು ನಾಲ್ಕನೆಯವಳಾದ ದಿನ ಇಲ್ಲಿ ದೆಹಲಿಯ ಕನ್ನಡಿಗರೆಲ್ಲ ಬೆಳಿಗ್ಗೆ ನಾಲ್ಕಕ್ಕೇ ಎದ್ದು, ಏನೂ ಅರ್ಥವಾಗದಿದ್ದರೂ ಟಿವಿ ಮುಂದೆ ಕೂತಿದ್ದೆವು. ಒಂದೇ ಒಂದು ಹೊಡೆತದಲ್ಲಿ ಪದಕ ತಪ್ಪಿತು.

ಕ್ಲಬ್‌ಹೌಸಿನ ಮಾತಿಗೆ ಬರೋಣ. ಹುಲ್ಲಿಗೆ ಬೇಕಾದ ದುಡ್ಡು ಹುಲ್ಲಿನಿಂದ ಹುಟ್ಟುವುದು ಕಡಿಮೆ. ಸದಸ್ಯತ್ವದ ಶುಲ್ಕ, ಊಟ, ಬಾರು, ಮದುವೆ ಆರತಕ್ಷತೆ, ಬ್ಯಾಂಕಿನಲ್ಲಿಟ್ಟ ಠೇವಣಿಯ ಬಡ್ಡಿ ಇವೇ ಆಧಾರ. ಹಾಗಾಗಿ 'ಸುಧಾರಣೆ' ಅಂದಾಗೆಲ್ಲ ಮೊದಲು ಹೊಸದಾಗುವುದು ಕ್ಲಬ್‌ಹೌಸಿನ ಅಮೃತಶಿಲೆ. ಮಾಲಿಗಳ ಶೆಡ್ಡಿನ ತಗಡು ಆಮೇಲೆ. ಬಡ್ಡಿಯ ವಿಷಯದಲ್ಲಿ ಬೆಂಗಳೂರು ಕ್ಲಬ್ಬಿನದೇ (ಇದು ಗಾಲ್ಫ್ ಕ್ಲಬ್ಬಲ್ಲ, ರೆಸಿಡೆನ್ಸಿ ರಸ್ತೆಯದು) ಪ್ರಸಿದ್ಧ ಮೊಕದ್ದಮೆ. ನಮ್ಮ ನಮ್ಮಲ್ಲೇ ಕೂಡಿಸಿದ ದುಡ್ಡಿನ ಬಡ್ಡಿಗೆ ತೆರಿಗೆ ಯಾಕೆ ಅಂತ ಅವರು ವಾದಿಸಿದರು. ಬ್ಯಾಂಕು ಆ ದುಡ್ಡನ್ನು ಹೊರಗಿನವರಿಗೆ ಸಾಲ ಕೊಡುತ್ತದೆ, ಆದ್ದರಿಂದ ತೆರಿಗೆ ಕಟ್ಟಿ ಅಂತ ಸುಪ್ರೀಂ ಕೋರ್ಟು 2013ರಲ್ಲಿ ಹೇಳಿತು. ಅದೇ ಕ್ಲಬ್ಬಿನ 1899ರ ಪುಸ್ತಕದಲ್ಲಿ ವಿನ್‌ಸ್ಟನ್ ಚರ್ಚಿಲ್ ಹೆಸರಿನಲ್ಲಿ ಹದಿಮೂರು ರೂಪಾಯಿ ವಸೂಲಾಗದ ಬಾಕಿ ಅಂತ ಬರೆದುಹಾಕಿದ್ದಾರೆ. ವಸೂಲಿ ವಿಭಾಗದಲ್ಲಿ ಕೆಲಸ ಮಾಡಿದವನಿಗೆ ಇಂಥದ್ದು ಓದಿದರೆ ಒಂಥರಾ ಸಮಾಧಾನ.

ಗ್ರೇಟರ್ ನೋಯ್ಡಾದಲ್ಲಿ ಮಾತ್ರ ಲೆಕ್ಕ ಹದಿಮೂರು ರೂಪಾಯಿಯದಲ್ಲ. ಜೇಪೀ ಗ್ರೀನ್ಸ್ ಕಟ್ಟಿದ ಜೈಪ್ರಕಾಶ್ ಅಸೋಸಿಯೇಟ್ಸ್ ಕಂಪನಿಯನ್ನು 2024ರ ಜೂನ್ 3ರಂದು ಕಂಪನಿ ನ್ಯಾಯಮಂಡಳಿಯ ಅಲಹಾಬಾದ್ ಪೀಠ ದಿವಾಳಿ ಪ್ರಕ್ರಿಯೆಗೆ ಸೇರಿಸಿತು. ಸಾಲಗಾರರ ಒಪ್ಪಿತ ಬಾಕಿ 55 ಸಾವಿರ ಕೋಟಿಗೂ ಹೆಚ್ಚು. 2025ರ ನವೆಂಬರಿನಲ್ಲಿ ಸಾಲ ಕೊಟ್ಟವರ ಸಮಿತಿ ಅದಾನಿ ಎಂಟರ್‌ಪ್ರೈಸಸ್‌ನ ಯೋಜನೆಗೆ ಒಪ್ಪಿಗೆ ಕೊಟ್ಟಿತು. ದಿವಾಳಿ ಸಂಹಿತೆಯ 14ನೇ ಕಲಮು ವಸೂಲಿಗೆ ತಡೆ ಹಾಕುತ್ತದೆ, 20ನೇ ಕಲಮು ಕಂಪನಿ ನಡೆಯುತ್ತಲೇ ಇರುವಂತೆ ನೋಡಿಕೊಳ್ಳಿ ಅನ್ನುತ್ತದೆ. ಕಾರ್ಖಾನೆಗೆ ಬೀಗ ಹಾಕಿ ಆರು ತಿಂಗಳ ನಂತರ ತೆಗೆದರೆ ಯಂತ್ರ ಅಲ್ಲೇ ಇರುತ್ತದೆ. ಗ್ರೀನನ್ನು ಜೂನಿನ ಬಿಸಿಗಾಳಿಯಲ್ಲಿ ಒಂದು ವಾರ ಬಿಟ್ಟರೆ ಮುಗಿಯಿತು. ಹುಲ್ಲಿಗೆ ಯಾವ ಕಲಮೂ ಗೊತ್ತಿಲ್ಲ. 'ನಡೆಯುತ್ತಿರುವ ಸಂಸ್ಥೆ' ಅನ್ನುವ ಮಾತಿನ ಅರ್ಥ ನನಗೆ ತಿಳಿದದ್ದು ಬ್ಯಾಂಕಿನ ತರಬೇತಿಯಲ್ಲಲ್ಲ, ಈ ಹುಲ್ಲಿನಲ್ಲಿ.

ಹುಲ್ಲಿನ ಕೆಳಗಿನ ಮಣ್ಣಿಗೂ ಒಂದು ಖಾತೆ ಇದೆ. ಈ ಊರು ಎದ್ದದ್ದು ಗೋಧಿ, ಕಬ್ಬು ಬೆಳೆಯುತ್ತಿದ್ದ ಹಳ್ಳಿಗಳ ಮೇಲೆ. ನೋಯ್ಡಾ, ಗ್ರೇಟರ್ ನೋಯ್ಡಾ ಭೂಸ್ವಾಧೀನದ ವಿರುದ್ಧ ರೈತರು ಕೋರ್ಟಿಗೆ ಹೋಗಿದ್ದರು. 2011ರ ಅಕ್ಟೋಬರಿನಲ್ಲಿ ಅಲಹಾಬಾದ್ ಹೈಕೋರ್ಟು ಪರಿಹಾರದ ಮೇಲೆ ಇನ್ನೂ ಶೇಕಡಾ 64.7ರಷ್ಟು ಹೆಚ್ಚು ಕೊಡಿ, ಅಭಿವೃದ್ಧಿಪಡಿಸಿದ ಜಾಗದಲ್ಲಿ ಶೇಕಡಾ 10 ಕೊಡಿ ಅಂದಿತು. ನಾನು ಮಾತಾಡಿಸಿದ ಮಾಲಿ ಹತ್ತಿರದ ಹಳ್ಳಿಯವನೇ. ನಿಮ್ಮ ಹೊಲ ಎಲ್ಲಿತ್ತು ಅಂತ ಕೇಳಿದ್ದಕ್ಕೆ ಕೈಯಲ್ಲಿದ್ದ ಕುರ್ಪಿಯಿಂದ ಎತ್ತರದ ಕಟ್ಟಡಗಳ ಕಡೆ ತೋರಿಸಿದ. ಬೇಸರವಿದೆಯೋ ಇಲ್ಲವೋ ಮುಖದಲ್ಲಿ ಗೊತ್ತಾಗಲಿಲ್ಲ. ಅಪ್ಪ ಜೀವನವಿಡೀ ಹೊಲದಿಂದ ದೂಬ್ ಕಿತ್ತು ಬದುವಿಗೆ ಎಸೆಯುತ್ತಿದ್ದ, ಈಗ ನನಗೆ ಅದನ್ನು ಬೆಳೆಸುವುದಕ್ಕೆ ಸಂಬಳ ಅಂತ ನಕ್ಕ.

ಹಬ್ಬ ಹತ್ತಿರವಿದ್ದದ್ದು ಅವನಿಗೂ ಗೊತ್ತಿತ್ತು. ಹೊರಡುವಾಗ ಅಂಚಿನಿಂದ ಒಂದು ಹಿಡಿ ಕಿತ್ತು ಕಟ್ಟಿ ಕೊಟ್ಟ. ಖುಷಿಯಿಂದ ತಂದು ಮಿತ್ರರ ಮನೆಯವರ ಕೈಗೆ ಕೊಟ್ಟೆ. ಅವರು ಮೂಸಿ ನೋಡಿ, "ಇದಕ್ಕೆ ಔಷಧಿ ಹೊಡೆದಿರ್ತಾರೆ ಅಣ್ಣಾ, ದೇವರಿಗೆ ಬೇಡ" ಅಂತ ಬಾಲ್ಕನಿಯ ಕುಂಡದ ಪಕ್ಕ ಇಟ್ಟರು. ಮಾರನೇ ದಿನ ಐಎನ್‌ಎಗೆ ಹೋಗಿ ತಂದೆವು.